ಟಿವಿ, ಟ್ಯಾಬ್, ಬ್ಯಾಟರಿ, ಕಾರ್ಡು: ಒಂದೇ ಪಾಠಕ್ಕೆ ಎಲ್ಲವನ್ನೂ ಹಚ್ಚಿ ನೋಡಿದ್ದು

ಮುಂದಿನ ಕಾಲದ ತರಗತಿ ಅಂದರೆ ಟ್ರೇನಿಂಗ್‌ಗಳಲ್ಲಿ ಯಾವಾಗಲೂ ಒಂದೇ ಸ್ಲೈಡ್ ಬರುತ್ತದೆ. ದೊಡ್ಡ ಪರದೆ, ಮಕ್ಕಳ ಕೈಯಲ್ಲಿ ಟ್ಯಾಬ್, ಎಲ್ಲರ ಮುಖದಲ್ಲೂ ನಗು. ಆದರೆ ಯಾವ ಸಾಮಾನು ಯಾವ ಕೆಲಸಕ್ಕೆ ಬರುತ್ತದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಮುಂಡರಗಿ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಗೆ ವಿಜ್ಞಾನ ಹೇಳುತ್ತೇನೆ. ವಿದ್ಯುತ್ ಮಂಡಲದ, ಅಂದರೆ ಸರ್ಕ್ಯೂಟಿನ, ಪಾಠ ಒಂದನ್ನೇ ಹಿಡಿದು, ಬೇರೆ ಬೇರೆ ವರ್ಷ ಬೇರೆ ಬೇರೆ ರೀತಿ ಮಾಡಿ ನೋಡಿದ್ದೇನೆ. ಅದರ ಲೆಕ್ಕ ಇಲ್ಲಿದೆ.

ಈ ಪಾಠವೇ ಯಾಕೆ ಅಂದರೆ, ಕಪ್ಪತಗುಡ್ಡದ ಗಾಳಿಯಂತ್ರ ದಿನಾ ನೋಡುವ ಹುಡುಗನೊಬ್ಬ ಕೇಳಿದ: "ಸರ್ರ, ಆ ಫ್ಯಾನ್ ತಿರಗ್ಸಾಕ ಕರೆಂಟ್ ಎಲ್ಲಿಂದ ತರ್ತಾರ್ರಿ?" ಕರೆಂಟ್ ಹುಟ್ಟುವ ಜಾಗ ಕಣ್ಣೆದುರಿಗೇ ಇದೆ, ಅವನ ಪಾಲಿಗೆ ಅದು ಕರೆಂಟ್ ತಿನ್ನುವ ಫ್ಯಾನು. ಹೀಗೆ ಮಕ್ಕಳ ತಲೆಯಲ್ಲಿ ಮೊದಲೇ ಕೂತಿರುವ ಲೆಕ್ಕಾಚಾರ ಪಾಠ ಆದ ಮೇಲೆ ಅಲುಗಾಡಿತಾ ಇಲ್ಲವಾ ಅನ್ನುವುದೇ ನನ್ನ ಅಳತೆಗೋಲು.

ಅಳೆಯಲು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಒಂದೇ ತರಹದ ಎರಡು ಬಲ್ಬನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು, ಜೋಡಿಸಿದರೆ ಯಾವುದು ಜಾಸ್ತಿ ಬೆಳಗುತ್ತದೆ? ಹೆಚ್ಚಿನ ಮಕ್ಕಳು ಮೊದಲನೆಯದು ಅನ್ನುತ್ತಾರೆ. ಸಿಂಗಟಾಲೂರು ನೀರಾವರಿಯ ಕಾಲುವೆ ನೋಡಿ ಬೆಳೆದ ಮಕ್ಕಳು, ಮೊದಲ ಹೊಲದವರು ನೀರು ಹಾಯಿಸಿಕೊಂಡು ಉಳಿದರೆ ತಾನೇ ಕೊನೆಯವರಿಗೆ? ತರ್ಕ ಚೆನ್ನಾಗಿಯೇ ಇದೆ. ಆದರೆ ಮಂಡಲದಲ್ಲಿ ಕರೆಂಟ್ ಖರ್ಚಾಗುವುದಿಲ್ಲ, ಸುತ್ತುತ್ತದೆ. ಎರಡೂ ಬಲ್ಬು ಸಮನಾಗಿ, ಮಂದವಾಗಿ ಬೆಳಗುತ್ತವೆ.

ಮೊದಲು ಟಿವಿ. 2017ರಲ್ಲಿ ಸರ್ಕಾರದ ದೀಕ್ಷಾ ಆ್ಯಪ್ ಬಂದ ಮೇಲೆ ಪಾಠಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ವಿಡಿಯೋ ಸಿಗುತ್ತದೆ, ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ಟೂ ಬೇಡ. ಹೃದಯ ಬಡಿಯುವುದು, ಜ್ವಾಲಾಮುಖಿ ಸಿಡಿಯುವುದು, ಇಂಥದ್ದಕ್ಕೆಲ್ಲ ಟಿವಿಗೆ ಸರಿಸಾಟಿ ಇಲ್ಲ. ಮಂಡಲದ ಪಾಠಕ್ಕೆ ಮಾತ್ರ ಅದು ಸಾಲದು. ಮಗು ಊಹಿಸುವ ಮೊದಲೇ ವಿಡಿಯೋ ಉತ್ತರ ಹೇಳಿಬಿಡುತ್ತದೆ. ಕ್ಲಾಸು ಸುಮ್ನೆ ಕೂತು ನೋಡುತ್ತದೆ, ಎಲ್ಲರೂ ತಲೆ ಆಡಿಸುತ್ತಾರೆ, ಮಾರನೇ ದಿನ ಕೇಳಿದರೆ ಮತ್ತೆ ಅದೇ ಕಾಲುವೆ ಉತ್ತರ.

ವಿಡಿಯೋವನ್ನು ಮನೆಗೆ ಕಳಿಸಿ, ಕ್ಲಾಸಿನಲ್ಲಿ ಬರೀ ಚರ್ಚೆ ಮಾಡುವುದು ಇನ್ನೊಂದು ಪದ್ಧತಿ. ನಮ್ಮೂರಲ್ಲಿ ಫೋನು ಅಪ್ಪನ ಕಿಸೆಯಲ್ಲಿ, ಅಪ್ಪ ಮೆಣಸಿನಕಾಯಿ ಹೊಲದಲ್ಲಿ. ಅಲ್ಲಿಗೆ ಮುಗಿಯಿತು.

ಟ್ಯಾಬ್‌ನಲ್ಲಿ ಫೆಟ್ ಸಿಮ್ಯುಲೇಶನ್ ಹಾಕಿ ಕೊಟ್ಟಾಗ ಕಥೆಯೇ ಬೇರೆ. ಇದು ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ್ದು, 2002ರಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ ಶುರು ಮಾಡಿದ್ದು, ಪೂರ್ತಿ ಉಚಿತ. ಪರದೆಯ ಮೇಲೆ ತಂತಿ, ಸೆಲ್, ಬಲ್ಬು ಎಳೆದು ಜೋಡಿಸಬಹುದು, ಒಳಗೆ ಎಲೆಕ್ಟ್ರಾನ್ ಸಾಲಾಗಿ ಓಡುವುದು ಕಾಣುತ್ತದೆ. ಮಕ್ಕಳು ಮೊದಲು ಮಾಡುವುದೇನು ಗೊತ್ತಾ? ಬ್ಯಾಟರಿಯ ಎರಡೂ ತುದಿಗೆ ನೇರ ತಂತಿ ಹಚ್ಚಿ ಬೆಂಕಿ ಬರಿಸುತ್ತಾರೆ. ಬರಿಸಲಿ ಬಿಡಿ, ಶಾರ್ಟ್ ಸರ್ಕ್ಯೂಟ್ ಅಂದರೇನು ಅಂತ ಮತ್ತೆ ಹೇಳುವ ಕೆಲಸ ತಪ್ಪುತ್ತದೆ. ಎರಡು ಬಲ್ಬು ಕರಾರುವಾಕ್ಕಾಗಿ ಸಮನಾಗಿ ಬೆಳಗುತ್ತವೆ. ತಕರಾರು ಎರಡು. ನಾಲ್ವರಿಗೆ ಒಂದು ಟ್ಯಾಬ್ ಅಂದರೆ ಬೆರಳು ಒಬ್ಬನದ್ದೇ, ಹೆಣ್ಣುಮಕ್ಕಳು ಹಿಂದಿನಿಂದ ಇಣುಕಬೇಕು. ಎರಡನೆಯದು, "ಅದು ಗೇಮ್‌ನ್ಯಾಗ ಹಂಗ ಇಟ್ಟಾರ್ರಿ" ಅಂತ ಒಬ್ಬಳು ಅಂದಳು. ಪರದೆ ಹೇಳಿದ್ದನ್ನು ಯಾಕೆ ನಂಬಬೇಕು ಅನ್ನುವುದು ನ್ಯಾಯವಾದ ಪ್ರಶ್ನೆಯೇ ಅಲ್ವಾ?

ಹಾಗಾಗಿ ನಿಜವಾದ ಬಲ್ಬು. ಈಗ ಹಳ್ಳಿ ಅಂಗಡಿಯಲ್ಲಿ ತಂತು ಇರುವ ಟಾರ್ಚ್ ಬಲ್ಬು ಸಿಗುವುದೇ ಕಷ್ಟ, ಎಲ್ಲ ಎಲ್‌ಇಡಿ. ಎಲ್‌ಇಡಿಗೆ ಒಂದೂವರೆ ವೋಲ್ಟಿನ ಒಂದು ಸೆಲ್ ಸಾಲದು, ತಿರುವಿ ಹಚ್ಚಿದರೆ ಉರಿಯುವುದೂ ಇಲ್ಲ, ಮೊದಲ ಪಾಠಕ್ಕೆ ಅದು ತಲೆನೋವು. ಹುಬ್ಬಳ್ಳಿ ದುರ್ಗದಬೈಲ್ ಕಡೆ ಹುಡುಕಿ ಹಳೇ ನಮೂನೆಯ ಬಲ್ಬು ತಂದೆ. ಹೋಲ್ಡರ್ ಇರಲಿಲ್ಲ, ಅದೇ ಒಳ್ಳೆಯದಾಯಿತು. ಒಬ್ಬರು ಸೆಲ್ ಹಿಡಿಯಬೇಕು, ಒಬ್ಬರು ತಂತಿ ಒತ್ತಬೇಕು, ಇಬ್ಬರು ಬಲ್ಬು ಹಿಡಿಯಬೇಕು. ಯಾರೂ ಸುಮ್ನೆ ಕೂರುವ ಹಾಗಿಲ್ಲ.

ಆದರೆ ನಿಜವಾದ ಬಲ್ಬು ಪರದೆಯ ಬಲ್ಬಿನಷ್ಟು ಶಿಸ್ತಿನದ್ದಲ್ಲ. ಒಂದು ಗುಂಪಿನಲ್ಲಿ ಮೊದಲನೆಯದು ಸ್ವಲ್ಪ ಜಾಸ್ತಿ ಬೆಳಗಿತು. "ನೋಡ್ರಿ, ನಾವ್ ಹೇಳಿದ್ದ ಖರೇ" ಅಂತ ಗದ್ದಲ. ನಾನು ಬಾಯಿ ಬಿಡಲಿಲ್ಲ. ಆ ಗೇಮ್ ಮಾತು ಆಡಿದ ಹುಡುಗಿಯೇ "ಅದಲು ಬದಲು ಮಾಡಿ ಹಚ್ಚೂಣು" ಅಂದಳು. ಬಲ್ಬುಗಳ ಜಾಗ ಬದಲಿಸಿದರು. ಈಗ ಎರಡನೇ ಜಾಗದಲ್ಲಿದ್ದ ಅದೇ ಬಲ್ಬು ಜಾಸ್ತಿ ಬೆಳಗಿತು. ಅಂದರೆ ಫರಕು ಬಲ್ಬಿನದ್ದು, ಜಾಗದ್ದಲ್ಲ. ಇದನ್ನು ಯಾವ ವಿಡಿಯೋವೂ ತೋರಿಸುವುದಿಲ್ಲ, ಯಾಕಂದರೆ ವಿಡಿಯೋದಲ್ಲಿ ಎಲ್ಲ ಬಲ್ಬೂ ಸರಿಯಾಗಿಯೇ ಇರುತ್ತವೆ. ಕಲಿಯುವವರ ಕೈಗೆ ಪಾಠ ಕೊಡಿ ಅಂತ ಪುಸ್ತಕಗಳು ಹೇಳುವುದು ಇದನ್ನೇ ಇರಬೇಕು.

ಉಳಿದದ್ದು ಕಾರ್ಡು, ನನಗೆ ಹೆಚ್ಚು ಹಿಡಿಸಿದ್ದು. ಪ್ಲಿಕರ್ಸ್ ಅಂತ ಆ್ಯಪ್. ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡು, ಮೇಲೆ ಕ್ಯೂಆರ್ ಕೋಡಿನಂಥ ಕಪ್ಪು ಗುರುತು, ನಾಲ್ಕು ಬದಿಗೆ ಎ, ಬಿ, ಸಿ, ಡಿ. ತನ್ನ ಉತ್ತರದ ಅಕ್ಷರ ಮೇಲೆ ಬರುವ ಹಾಗೆ ಹಿಡಿದರಾಯಿತು, ನನ್ನ ಫೋನಿನ ಕ್ಯಾಮೆರಾ ಇಡೀ ಕ್ಲಾಸಿನ ಉತ್ತರ ಓದುತ್ತದೆ. ಕಾರ್ಡುಗಳ ಗುರುತು ಬೇರೆ ಬೇರೆ, ಅಕ್ಷರವೂ ಸಣ್ಣದು, ಪಕ್ಕದವನದ್ದು ಕದ್ದು ನೋಡಿ ಉಪಯೋಗವಿಲ್ಲ. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಿಂದ ಭೌತಶಾಸ್ತ್ರದ ಕ್ಲಾಸಿನಲ್ಲಿ ಮಾಡುತ್ತಾ ಬಂದ ಕ್ರಮ ಇದಕ್ಕೆ ಹೇಳಿ ಮಾಡಿಸಿದಂತಿದೆ. ಪ್ರಶ್ನೆ ಕೇಳು, ಉತ್ತರ ಎತ್ತಿಸು, ಸರಿ ಯಾವುದು ಅಂತ ಹೇಳಬೇಡ, ಅಕ್ಕಪಕ್ಕದವರು ಜಗಳ ಮಾಡಲಿ, ಮತ್ತೆ ಎತ್ತಿಸು. ಆಮೇಲೆ ಬಲ್ಬು ಹಚ್ಚಿ ನೋಡು. ವರ್ಷವಿಡೀ ಬಾಯಿ ಬಿಡದ ಹಿಂದಿನ ಸಾಲಿನ ಮಕ್ಕಳ ಉತ್ತರವೂ ನನಗೆ ಸಿಕ್ಕಿದ್ದು ಇದರಿಂದಲೇ. ನೆಟ್ ಬೇಕು, ಆದರೆ ನನ್ನ ಒಂದು ಫೋನಿಗೆ ಸಾಕು.

ಎಐ ಬಗ್ಗೆ ಕೇಳುತ್ತೀರಿ. ಮಕ್ಕಳ ಕೈಗೆ ಕೊಟ್ಟು ಮಾತಾಡಿಸಿದೆ. "ಎರಡ್ನೇ ಬಲ್ಬ್ ಯಾಕ ಸಣ್ಣಗ ಉರೀತೈತಿ" ಅಂದರೆ ಅದಕ್ಕೆ ಏನೇನೋ ಕೇಳಿಸುತ್ತದೆ. ಗ್ರಂಥದ ಕನ್ನಡದಲ್ಲಿ ಟೈಪ್ ಮಾಡಿದರೆ ಸರಿಯಾದ ಉತ್ತರವೇ ಬರುತ್ತದೆ, ಒಂದು ಪುಟ ಉದ್ದ. ಸದ್ಯಕ್ಕೆ ನನಗೇ ಉಪಯೋಗ ಜಾಸ್ತಿ, ಕಾರ್ಡಿನ ಪ್ರಶ್ನೆಗೆ ಮಕ್ಕಳು ನಂಬುವಂಥ ತಪ್ಪು ಆಯ್ಕೆ ಬರೆಸಲು.

ಒಂದು ಮಾತು ಇಲ್ಲೇ ಹೇಳಬೇಕು. ಗುಂಪಿನಲ್ಲಿ ಕೂತು ತಾವೇ ಕಲಿಯುವುದು ನಮ್ಮ ಮಕ್ಕಳಿಗೆ ಹೊಸದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸಣ್ಣ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ಕಲಿಕೆಯ ಏಣಿ, ಮೈಲಿಗಲ್ಲು, ಗುಂಪಿನ ತಟ್ಟೆ, ಕಾರ್ಡು ಎಲ್ಲ ಇವೆ. ಒಂದರಿಂದ ಮೂರನೇ ತರಗತಿವರೆಗೆ ನೆಲದ ಮೇಲೆ ದುಂಡಗೆ ಕೂತು ಕಲಿತವರನ್ನು ನಾಲ್ಕಕ್ಕೆ ಬಂದ ಕೂಡಲೇ ಸಾಲಾಗಿ ಬೋರ್ಡಿನ ಕಡೆ ತಿರುಗಿಸಿ ಕೂರಿಸುತ್ತೇವೆ.

ದಾನಿಗಳು ದುಡ್ಡು ಕೊಡುತ್ತೇವೆ ಅಂದರೆ ನಾನು ಮೊದಲು ಕೇಳುವುದು ಸೆಲ್, ಬಲ್ಬು, ತಂತಿ ಮತ್ತು ಕಾರ್ಡು. ಆಮೇಲೆ ಕೆಲವು ಟ್ಯಾಬ್, ಗುಂಪಿಗೆ ಇಬ್ಬರೇ ಆಗುವಷ್ಟಿದ್ದರೆ. ಟಿವಿ ಕೊನೆಗೆ, ಆದರೆ ದಾನಿಗಳು ಹೆಸರು ಬರೆಸಲು ಇಷ್ಟಪಡುವುದು ಅದರ ಮೇಲೆಯೇ. ಕಾರ್ಡು ಮಾಡಿಸುವವರು ಹೊಳೆಯುವ ಲ್ಯಾಮಿನೇಶನ್ ಹಾಕಿಸಬೇಡಿ, ಕಿಟಕಿಯ ಬೆಳಕು ಬಿದ್ದರೆ ಫೋನಿಗೆ ಓದಲು ಆಗುವುದಿಲ್ಲ. ಜೆರಾಕ್ಸ್ ಮಾಡಿಸಿ, ಹಿಂದೆ ಹಳೇ ಮದುವೆ ಪತ್ರಿಕೆಯ ರಟ್ಟು ಅಂಟಿಸಿದರೆ ವರ್ಷ ಬಾಳುತ್ತದೆ.