ದಿನಕ್ಕೊಂದು ಪೋಸ್ಟ್‌ಕಾರ್ಡ್ ಮಾಡೋರಿಗೆ ತುಮಕೂರಿನ ಕಟಿಂಗ್ ಪ್ರೆಸ್ಸೇ ಸಾಕು

ಸೀದಾ ವಿಷಯಕ್ಕೆ ಬರ್ತೀನಿ. ಕೈಯಲ್ಲೇ ಪೋಸ್ಟ್‌ಕಾರ್ಡ್ ಮಾಡಿ ದಿನಾ ಒಂದನ್ನ ಅಂಚೆಗೆ ಹಾಕೋರು, ಇಲ್ಲಾ ಹೊಸದಾಗಿ ಶುರು ಮಾಡೋಣ ಅನ್ಕೊಂಡಿರೋರು, ಆನ್‌ಲೈನಲ್ಲಿ ಪೋಸ್ಟ್‌ಕಾರ್ಡ್ ಮಾಡೋ ದುಬಾರಿ ಕಿಟ್ ಆರ್ಡರ್ ಮಾಡೋ ಮುಂಚೆ ಮಂಡಿಪೇಟೆ ಕಡೆ ಒಂದು ರೌಂಡ್ ಹೋಗ್ಬನ್ನಿ. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ ಪ್ರಿಂಟ್ ಮಾಡೋ ಚಿಕ್ಕ ಪ್ರೆಸ್‌ಗಳು ಇರ್ತಾವಲ್ಲ, ಅಂಥದ್ರಲ್ಲಿ ಕಟಿಂಗ್ ಮೆಷಿನ್ ಇರೋ ಒಂದು ಪ್ರೆಸ್ಸಲ್ಲಿ ನಾನು ಪೇಪರ್ ಕಟ್ ಮಾಡಿಸ್ಕೊಳ್ತೀನಿ, ಈ ರಿವ್ಯೂ ಅದರದ್ದೇ. ಹೆಸರು ಹಾಕ್ತಿಲ್ಲ, ಯಾಕಂದ್ರೆ ಅವರಿಗೆ ಇದು ಮೇನ್ ಕೆಲಸ ಅಲ್ಲ, ನನ್ನಂಥೋರಿಗೆ ಮಧ್ಯೆ ಬಿಡುವು ಮಾಡ್ಕೊಂಡು ಮಾಡ್ಕೊಡ್ತಾರೆ, ಅವರನ್ನ ಕೇಳದೆ ಹೆಸರು ಬರೆಯೋದು ನನಗೆ ಸರಿ ಅನ್ಸಲ್ಲ. ನಿಮ್ಮೂರಲ್ಲಿ ಕಟಿಂಗ್ ಮೆಷಿನ್ ಇರೋ ಯಾವ ಪ್ರೆಸ್ಸಲ್ಲಿ ಕೇಳಿದ್ರೂ ಆಗುತ್ತೆ.

ಮೊದ್ಲು ಆ ಕಿಟ್ ಬಗ್ಗೆ ಹೇಳ್ಬಿಡ್ತೀನಿ. ಒಂದು ಆನ್‌ಲೈನ್ ಕಂಪನಿಯಿಂದ ತರಿಸಿದ್ದೆ, ಡಬ್ಬಿ ಚೆನ್ನಾಗಿತ್ತು, ಒಳಗೆ ಕಾರ್ಡು, ಚಿಕ್ಕ ಬ್ರಷ್ಷು, ಸ್ಟಿಕರ್ ಎಲ್ಲಾ ಇತ್ತು. ಆದ್ರೆ ಕಾರ್ಡಿಗೆ ಒಂದು ಕೋಟ್ ನೀರು ಬಿದ್ದಿದ್ದೇ ತಡ ಎರಡೂ ಕಡೆಯಿಂದ ಮಡಚಿಕೊಂಡು ಹಪ್ಪಳ ಆಯ್ತು. ಮೇಲೆ ವಾಟರ್‌ಕಲರ್ ಕಾರ್ಡ್ ಅಂತ ಬರ್ದಿದ್ರು, ಎಷ್ಟು ಜಿಎಸ್‌ಎಂ ಅಂತ ಮಾತ್ರ ಎಲ್ಲೂ ಬರ್ದಿರ್ಲಿಲ್ಲ. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಪೇಪರ್ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ, ಅದನ್ನ ಹೇಳದೆ ವಾಟರ್‌ಕಲರ್ ಪೇಪರ್ ಮಾರ್ತಾರೆ ಅಂದ್ರೆ ತಗೋಬೇಡಿ ಅಷ್ಟೆ. 300 ಇದ್ರೆ ನೆಮ್ಮದಿ, 200ಕ್ಕಿಂತ ಕಮ್ಮಿ ಇದ್ರೆ ಪೆನ್ಸಿಲ್, ಸ್ಕೆಚ್ ಪೆನ್ನಿಗೆ ಮಾತ್ರ ಇಟ್ಕೊಳ್ಳಿ. ಸ್ಕೂಲ್ ಮಕ್ಕಳು ತಗೊಳ್ಳೋ ಚಾರ್ಟ್ ಪೇಪರ್ ಅಂತೂ ಅಂಚೆಯಲ್ಲಿ ತಡೆಯಲ್ಲ, ಮೂಲೆ ಮುರಿದೇ ಹೋಗಿ ಸೇರುತ್ತೆ. ಪ್ರೆಸ್ಸಲ್ಲೇ ಸಿಗೋ ಆರ್ಟ್ ಕಾರ್ಡ್ ದಪ್ಪ ಇರುತ್ತೆ ನಿಜ, ಆದ್ರೆ ಅದಕ್ಕೆ ಹೊಳಪಿನ ಕೋಟಿಂಗ್ ಇರೋದ್ರಿಂದ ಬಣ್ಣ ಹೀರ್ಕೊಳ್ಳಲ್ಲ, ಮೇಲೇ ನಿಂತು ಒರೆಸಿದ್ರೆ ಬರುತ್ತೆ. ಅದಕ್ಕೇ ಪೇಪರ್ ನಾವೇ ತಗೊಂಡು ಹೋಗ್ಬೇಕು.

ನಾನು ತಗೊಳ್ಳೋದು 300 ಜಿಎಸ್‌ಎಂ ವಾಟರ್‌ಕಲರ್ ಪೇಪರ್, ಫುಲ್ ಶೀಟ್. ಅದರ ಅಳತೆ 22 ಇಂಚಿಗೆ 30 ಇಂಚು, ಅಂದ್ರೆ ಹತ್ತಿರ ಹತ್ತಿರ 56 ಸೆಂಟಿಮೀಟರಿಗೆ 76. ನನಗೆ ಬೇಕಾದ ಕಾರ್ಡು 14.8ಕ್ಕೆ 10.5, ಅಂದ್ರೆ ಎ4 ಹಾಳೆನ ನಾಲ್ಕು ಮಾಡಿದ್ರೆ ಬರೋ ಸೈಜು. ಈಗ ಲೆಕ್ಕ ಹಾಕಿ, ಉದ್ದದ ಕಡೆ 5, ಅಗಲದ ಕಡೆ 5, ಒಂದು ಶೀಟಿಗೆ 25 ಕಾರ್ಡ್. ಕಾರ್ಡನ್ನ ತಿರುಗಿಸಿ ಇಟ್ರೆ 21 ಮಾತ್ರ ಬರೋದು, ಇದನ್ನ ಮೊದಲ ಸಲ ನನಗೆ ಹೇಳ್ಕೊಟ್ಟಿದ್ದೇ ಪ್ರೆಸ್ಸಿನ ಅಣ್ಣ, ಕ್ಯಾಲ್ಕುಲೇಟರ್ ಸಹ ಮುಟ್ಲಿಲ್ಲ, ಶೀಟ್ ಮೇಲೆ ಸ್ಕೇಲ್ ಇಟ್ಟು "ಹಿಂಗ್ ಹೊಡೆದ್ರೆ ನಾಕ್ ಕಾರ್ಡ್ ಜಾಸ್ತಿ ಬೀಳ್ತವೆ ನೋಡಿ ಮೇಡಂ" ಅಂದ್ರು. ದಿನಕ್ಕೊಂದು ಮಾಡೋರಿಗೆ ಹೆಚ್ಚುಕಮ್ಮಿ ತಿಂಗಳಿಗೆ ಒಂದು ಶೀಟ್ ಸಾಕಾಯ್ತು ಅಂತ ಆಯ್ತಲ್ಲ.

ಕಟಿಂಗ್ ನೋಡೋಕೆ ಒಂದ್ಸಲ ನಿಂತ್ಕೊಳ್ಳಿ, ನಿಜವಾಗ್ಲೂ ಹೇಳ್ತೀನಿ. ಮೊದ್ಲು ಶೀಟಿನ ಒಂದು ಮೂಲೆ ಹಿಡ್ದು ಆ ಕಡೆ ಒಂದ್ಸಲ ಈ ಕಡೆ ಒಂದ್ಸಲ ಹಗುರಾಗಿ ಬಗ್ಗಿಸಿ ನೋಡ್ತಾರೆ, ಯಾವ ಕಡೆ ಸಲೀಸಾಗಿ ಬಗ್ಗುತ್ತೋ ಆ ಮಡಿಕೆಯ ಉದ್ದಕ್ಕೆ ಗ್ರೈನ್, ಅಂದ್ರೆ ಪೇಪರಿನ ನಾರು ಸಾಗಿರೋ ದಿಕ್ಕು ಅಂತ. ಪೇಪರ್ ನೀರು ಕುಡಿದ್ರೆ ಗ್ರೈನಿಗೆ ಅಡ್ಡಲಾಗಿ ಹಿಗ್ಗುತ್ತೆ, ಹಂಗಾಗಿ ಗ್ರೈನು ಕಾರ್ಡಿನ ಉದ್ದಕ್ಕೆ ಬಂದ್ರೆ ಮಡಚ್ಕೊಳ್ಳೋದು ಕಮ್ಮಿ. ಆಮೇಲೆ ಎರಡು ಮೂರು ಶೀಟನ್ನ ಒಟ್ಟಿಗೆ ಜೋಡಿಸಿ ಟೇಬಲ್ ಮೇಲೆ ಅಂಚು ಕುಟ್ಟಿ ಕುಟ್ಟಿ ಸಮ ಮಾಡಿ, ಮೆಷಿನ್ನಿನ ಹಿಂದಿನ ಗೈಡಿಗೆ ತಾಗಿಸಿ, ಮೇಲಿನ ಚಕ್ರ ತಿರುಗಿಸಿ ಒತ್ತು ಪಟ್ಟಿನ ಬಿಗಿಯಾಗಿ ಕೂರಿಸ್ತಾರೆ. ಆ ಬಿಗಿ ಸಾಕಾಗ್ಲಿಲ್ಲ ಅಂದ್ರೆ ಬ್ಲೇಡ್ ಇಳಿಯುವಾಗ ಮೇಲಿನ ಶೀಟ್ ಒಂದು ಅಳತೆ, ಕೆಳಗಿನ ಶೀಟ್ ಇನ್ನೊಂದು ಅಳತೆ ಆಗ್ಬಿಡುತ್ತೆ. ಬ್ಲೇಡಿನ ಕೆಳಗೆ ಒಂದು ರಟ್ಟು ಇಡೋದನ್ನ ಮರೆಯಲ್ಲ, ಅದಿಲ್ಲಾಂದ್ರೆ ಕೊನೇ ಶೀಟಿನ ಅಂಚು ಜುಂಗು ಜುಂಗಾಗುತ್ತಂತೆ. ಒಂದೇ ಏಟು. ಕೈಲಿ ಕತ್ತರಿ, ಕಟ್ಟರ್, ಸ್ಕೇಲ್ ಇಟ್ಕೊಂಡು ಮನೇಲಿ ಒಂದೊಂದೇ ಕತ್ತರಿಸೋದಕ್ಕೂ ಇದಕ್ಕೂ ಹೋಲಿಕೇನೇ ಇಲ್ಲ, ಇಪ್ಪತ್ತೈದೂ ಒಂದೇ ಅಳತೆ, ಮೂಲೆ ನೆಟ್ಟಗೆ. ಅಂಚಲ್ಲಿ ಉಳಿಯೋ ಸಣ್ಣ ಪಟ್ಟಿಗಳನ್ನ ಬಿಸಾಡ್ಬೇಡಿ ಅಂತ ಹೇಳಿ ಇಸ್ಕೊಳ್ಳಿ, ಬಣ್ಣ ಟೆಸ್ಟ್ ಮಾಡೋಕೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ, ಅದೇ ಪೇಪರ್ ಅಲ್ವಾ, ಬಣ್ಣ ಒಣಗಿದ ಮೇಲೆ ಹೆಂಗೆ ಕಾಣುತ್ತೆ ಅಂತ ಕರೆಕ್ಟಾಗಿ ಗೊತ್ತಾಗುತ್ತೆ.

ಇದು ಯಾಕೆ ಇಷ್ಟು ಮುಖ್ಯ ಅಂದ್ರೆ, ದಿನಾ ಮಾಡೋ ಕೆಲಸದಲ್ಲಿ ಚಿತ್ರ ಬರೆಯೋದು ಕಷ್ಟ ಅಲ್ಲ, ಶುರು ಮಾಡೋದು ಕಷ್ಟ. ಆಫೀಸಿಂದ ಬಂದು ಪೇಪರ್ ಹುಡುಕಿ, ಅಳೆದು, ಕತ್ತರಿಸಿ ಆಮೇಲೆ ಕೂತ್ಕೋಬೇಕು ಅಂದ್ರೆ ಆ ದಿನ ಆಗೋದೇ ಇಲ್ಲ. ಟೇಬಲ್ ಮೇಲೆ ರೆಡಿ ಕಾರ್ಡಿನ ಕಟ್ಟು ಇದ್ರೆ ಹತ್ತು ನಿಮಿಷದಲ್ಲಿ ಏನೋ ಒಂದು ಬರೆದೇ ಬರೀತೀವಿ. ಆನ್ ಕವಾರ ಅಂತ ಜಪಾನಿನ ಕಲಾವಿದರು ಒಬ್ರು 1968ರಿಂದ 1979ರ ತನಕ ದಿನಾ ಎರಡೆರಡು ಪೋಸ್ಟ್‌ಕಾರ್ಡ್ ಕಳಿಸ್ತಿದ್ರು, ಅವತ್ತು ಎಷ್ಟು ಗಂಟೆಗೆ ಎದ್ದೆ ಅನ್ನೋದನ್ನ ರಬ್ಬರ್ ಸ್ಟ್ಯಾಂಪಲ್ಲಿ ಒತ್ತಿ. ಅವರು ಅಂಗಡೀಲಿ ಸಿಗೋ ಚಿತ್ರದ ಕಾರ್ಡೇ ಬಳಸ್ತಿದ್ರು, ಅಷ್ಟು ವರ್ಷ ನಡೆದಿದ್ದಕ್ಕೆ ಸಾಮಾನು ಸರಳವಾಗಿದ್ದಿದ್ದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಬಣ್ಣಕ್ಕೆ ನಾನು ಕ್ಯಾಮೆಲ್ ವಾಟರ್‌ಕಲರ್ ಕೇಕ್ ಡಬ್ಬಿನೇ ಬಳಸೋದು, ತುಮಕೂರಲ್ಲಿ ಯಾವ ಸ್ಟೇಷನರಿ ಅಂಗಡೀಲಿ ಕೇಳಿದ್ರೂ ಸಿಗುತ್ತೆ, ಕಾರ್ಡ್ ಸೈಜಿಗೆ ಧಾರಾಳ ಸಾಕು. ಆಯಿಲ್ ಪೇಸ್ಟಲ್ ಬೇಡ, ಮಿಕ್ಕ ಟಪಾಲಿಗೆಲ್ಲ ಮೆತ್ತಿಕೊಳ್ಳುತ್ತೆ, ಬೇರೆಯವರ ಕಾಗದ ಹಾಳು ಮಾಡೋ ಹಕ್ಕು ನಮಗಿಲ್ಲ. ಗ್ಲಿಟರ್, ಒಣಗಿದ ಹೂವು, ಮಣಿ ಅಂಟಿಸೋದು ಕವರ್ ಒಳಗೆ ಹಾಕೋದಾದ್ರೆ ಸರಿ, ತೆರೆದ ಕಾರ್ಡಿಗೆ ಬೇಡ.

ಚಿತ್ರಕ್ಕೆ ವಿಷಯ ಸಿಗಲ್ಲ ಅಂತ ಒಬ್ರು ಕೇಳಿದ್ರು. ತುಮಕೂರಲ್ಲಿದ್ಕೊಂಡು ಹಂಗನ್ನಬಾರದು ಕಣ್ರಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಸ್ಟ್ಯಾಂಡ್ ಮೇಲೆತ್ತಿದಾಗ ಬರೋ ಹಬೆ, ದೇವರಾಯನದುರ್ಗದ ತಿರುವು, ಚೇಳೂರು ಕಡೆ ಕೆಂಪು ತೊಳೆ ಹಲಸು, ತಿಪಟೂರಿನ ಕೊಬ್ಬರಿ ಹೋಳು, ಮಧುಗಿರಿ ಬೆಟ್ಟ ಒಂದೇ ಕಲ್ಲಲ್ಲಿ ನಿಂತಿರೋದು. ಶಿರಾ ತಾಲ್ಲೂಕಿನ ಕಗ್ಗಲಡುಗೆ ಹೋಗಿ ನೋಡಿ, ಹುಣಸೆ ಮರದ ಮೇಲೆ ಬಣ್ಣದ ಕೊಕ್ಕರೆ ಗೂಡು ಕಟ್ಟಿರ್ತಾವೆ, ಒಂದು ಮರಕ್ಕೇ ಒಂದು ವಾರದ ಕಾರ್ಡ್ ಆಗುತ್ತೆ. ನನಗೆ ಕಾರ್ಡ್ ಕಳಿಸೋ ಕೋಲಾರದ ಗೆಳತಿ ಟೊಮ್ಯಾಟೋ ಮಂಡಿ ಕ್ರೇಟುಗಳನ್ನೇ ದಿನಕ್ಕೊಂದು ಆಂಗಲ್‌ನಲ್ಲಿ ಬರೀತಾಳೆ, ಅದೇ ಕೆಂಪು ಅದೇ ಕ್ರೇಟು, ಆದ್ರೂ ಒಂದಿನಾನೂ ಬೇಜಾರಾಗಿಲ್ಲ. ಬೆಳಗಿನ ಜಾವದ್ದು ನೀಲಿ ಕಡೆ ವಾಲಿರುತ್ತೆ, ಮಧ್ಯಾಹ್ನದ್ದು ಕಿತ್ತಳೆ ಕಡೆ, ಕಾರ್ಡ್ ಸಾಲಾಗಿ ಜೋಡಿಸಿಟ್ರೆ ಅವಳು ಯಾವಾಗ ಮಂಡಿಗೆ ಹೋಗಿದ್ದಳು ಅಂತ ಗೊತ್ತಾಗುತ್ತೆ.

ಈಗ ಅಂಚೆ ವಿಷಯ, ಇದೂ ಸರ್ವಿಸೇ ಅಲ್ವಾ. ಭಾರತದಲ್ಲಿ ಪೋಸ್ಟ್‌ಕಾರ್ಡ್ ಶುರುವಾಗಿದ್ದು 1879ರ ಜುಲೈ 1ಕ್ಕೆ, ಕಾಲಾಣೆ ಬೆಲೆಗೆ. ಇಲಾಖೆಯ ಮಾಮೂಲಿ ಕಾರ್ಡು ಎಷ್ಟೋ ವರ್ಷದಿಂದ 50 ಪೈಸೆಯಲ್ಲೇ ನಿಂತಿದೆ. ಕೈಯಲ್ಲಿ ಮಾಡಿದ ಕಾರ್ಡಿಗೆ ನಾನು 5 ರೂಪಾಯಿ ಸ್ಟ್ಯಾಂಪ್ ಹಚ್ತೀನಿ, ಅದು 20 ಗ್ರಾಂ ಒಳಗಿನ ಕಾಗದದ ದರ. 300 ಜಿಎಸ್‌ಎಂ ಕಾರ್ಡು ಈ ಸೈಜಲ್ಲಿ 5 ಗ್ರಾಂ ಒಳಗೇ ತೂಗೋದ್ರಿಂದ ಅದರ ಮೇಲೆ ಕೊಲಾಜ್ ಅಂಟಿಸಿದ್ರೂ ಚಿಂತೆ ಇಲ್ಲ. ದಿನಕ್ಕೊಂದು ಅಂದ್ರೆ ತಿಂಗಳಿಗೆ 150 ರೂಪಾಯಿ, ಕಾಫಿ ಶಾಪಲ್ಲಿ ಅದಕ್ಕೆ ಎರಡು ಕಾಫಿನೂ ಬರಲ್ಲ. ಸ್ಟ್ಯಾಂಪು ಒಂದೇ ಸಲ ಪೂರ್ತಿ ಶೀಟ್ ತಗೊಂಡಿಟ್ಕೊಳ್ಳಿ, ಹೆಡ್ ಪೋಸ್ಟಾಫೀಸಲ್ಲಿ ಕೇಳಿದ್ರೆ ಚಂದದ ಸ್ಮರಣಾರ್ಥ ಸ್ಟ್ಯಾಂಪ್ ಇದ್ರೆ ಅದನ್ನೇ ಕೊಡ್ತಾರೆ, ಕಾರ್ಡ್ ಸಿಗೋರಿಗೆ ಅದೂ ಒಂದು ಖುಷಿ.

ಕಾರ್ಡಿನ ಹಿಂಬದಿ ಬಗ್ಗೆ ಯಾರೂ ಸರಿಯಾಗಿ ಹೇಳಲ್ಲ, ಕಾರ್ಡ್ ತಲುಪೋದು ನಿಂತಿರೋದೇ ಅದರ ಮೇಲೆ. ಮಧ್ಯ ಒಂದು ಉದ್ದ ಗೆರೆ ಹಾಕಿ, ಬಲಗಡೆ ಅರ್ಧ ಪೂರ್ತಿ ಅಡ್ರೆಸ್ಸಿಗೆ ಬಿಡಿ, ಮಾತು ಎಷ್ಟೇ ಇದ್ರೂ ಎಡಗಡೆಗೇ ಮುಗಿಸಿ. ಬಾಲ್‌ಪೆನ್ನೇ ಬಳಸಿ, ಜೆಲ್ ಪೆನ್ನಲ್ಲಿ ಬರೆದ್ರೆ ಮಳೆಗಾಲದಲ್ಲಿ ಪೋಸ್ಟ್‌ಮ್ಯಾನ್ ಚೀಲ ಒದ್ದೆಯಾದ್ರೆ ಅಡ್ರೆಸ್ಸೇ ಕರಗಿ ಹೋಗುತ್ತೆ. ಪಿನ್ ಕೋಡ್ ದೊಡ್ಡದಾಗಿ, ಬಿಡಿ ಬಿಡಿಯಾಗಿ ಬರೀರಿ. 1972ರ ಆಗಸ್ಟ್ 15ಕ್ಕೆ ಬಂದ ವ್ಯವಸ್ಥೆ ಅದು, 6 ಅಂಕಿಯಲ್ಲಿ ಮೊದಲ 3 ಅಂಕಿ ಯಾವ ವಿಂಗಡಣೆ ಜಿಲ್ಲೆ (ಟಪಾಲು ವಿಂಗಡಿಸೋಕೆ ಅಂಚೆಯವರು ಮಾಡ್ಕೊಂಡಿರೋ ಭಾಗ) ಅಂತ ಹೇಳುತ್ತೆ, ಕೊನೆ 3 ಯಾವ ಪೋಸ್ಟಾಫೀಸು ಅಂತ. ತುಮಕೂರು 572101, ಕೋಲಾರ 563101, ಚಿಕ್ಕಬಳ್ಳಾಪುರ 562101. ಪಾವಗಡ ನಮ್ಮ ಜಿಲ್ಲೆನೇ ಆದ್ರೂ ಅದರ ಪಿನ್ 561202, ಹಂಗಾಗಿ ಪಾವಗಡದೋರಿಗೆ ಕಳಿಸುವಾಗ ಅಭ್ಯಾಸಬಲದಿಂದ 572 ಅಂತ ಬರೀಬೇಡಿ.

ಒಂದು ದೂರು ಇದೆ. ಒಂದು ಪೋಸ್ಟಾಫೀಸಲ್ಲಿ ನನ್ನ ಕಾರ್ಡಿನ ಚಿತ್ರದ ಕಡೆನೇ ಸೀಲ್ ಬಿದ್ದಿತ್ತು, ಕೆರೆ ನೀರಿಗೆ ಮೂರು ಪದರ ಬಣ್ಣ ಕೊಟ್ಟಿದ್ದೆ, ಅದರ ಮೇಲೆ ಕರಿ ಮಸಿ ದುಂಡಗೆ. ಬೇಜಾರಾಯ್ತು, ತುಂಬಾನೇ. ಈಗ ಸಾಧ್ಯ ಆದಾಗೆಲ್ಲ ಡಬ್ಬಿಗೆ ಹಾಕಲ್ಲ, ಕೌಂಟರಲ್ಲೇ ಕೊಟ್ಟು "ಸ್ಟ್ಯಾಂಪ್ ಮೇಲೆ ಸೀಲ್ ಹಾಕ್ಕೊಡ್ತೀರಾ ಸರ್" ಅಂತೀನಿ, ರಶ್ ಇಲ್ದಿದ್ರೆ ಕಣ್ಣೆದುರೇ ಹಾಕ್ತಾರೆ. ಡಬ್ಬಿಗೇ ಹಾಕೋದಾದ್ರೆ ಅದರ ಮೇಲೆ ಎಷ್ಟು ಗಂಟೆಗೆ ತೆಗೀತಾರೆ ಅಂತ ಬರೆದಿರುತ್ತೆ, ಅದಕ್ಕಿಂತ ಮುಂಚೆ ಹಾಕಿದ್ರೆ ಒಂದು ದಿನ ಉಳಿತಾಯ ಆಗುತ್ತೆ.

ಕಾರ್ಡ್ ಬದಲಾಯಿಸ್ಕೊಳ್ಳೋಕೆ ಜನ ಇಲ್ಲ ಅನ್ನೋರಿಗೆ ಪೋಸ್ಟ್‌ಕ್ರಾಸಿಂಗ್ ಇದೆ, 2005ರ ಜುಲೈನಲ್ಲಿ ಪೋರ್ಚುಗಲ್‌ನಲ್ಲಿ ಶುರುವಾಗಿದ್ದು, ನೀವು ಯಾರಿಗೋ ಕಳಿಸಿದ ಕಾರ್ಡ್ ತಲುಪಿದ ಮೇಲೆ ಬೇರೆ ಯಾರೋ ನಿಮಗೆ ಕಳಿಸ್ತಾರೆ. ಚೆನ್ನಾಗಿದೆ, ಆದ್ರೆ ದಿನಕ್ಕೊಂದು ವಿದೇಶಕ್ಕೆ ಅಂದ್ರೆ ಸ್ಟ್ಯಾಂಪ್ ಖರ್ಚು ಜಾಸ್ತಿ. ನನ್ನ ಸಲಹೆ, ಪಕ್ಕದ ಊರಲ್ಲೇ ಇಬ್ರು ಮೂವರು ಸೇರ್ಕೊಳ್ಳಿ. ಇಂದು ಬರೆದಿದ್ದಕ್ಕೆ ಅದೇ ವಾರ ಉತ್ತರದ ಕಾರ್ಡ್ ಬಂದ್ರೆ ಇರೋ ಹುರುಪೇ ಬೇರೆ.

ಮತ್ತೆ ಪ್ರೆಸ್ ವಿಷಯ. ಕಟಿಂಗ್‌ಗೆ ನನ್ನ ಹತ್ರ 20 ರೂಪಾಯಿ ತಗೊಂಡ್ರು, ಮೂರು ಶೀಟಿಗೂ ಸೇರಿ, ಇದಕ್ಕಿಂತ ಕಮ್ಮಿ ಕೇಳೋದೇ ತಪ್ಪು. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಯಾಕೆ ಕಟ್ ಮಾಡಿದೆ ಅಂದ್ರೆ ಬ್ಲೇಡ್ ಸಾಣೆ ಹಿಡಿಸೋಕೆ ಕೊಟ್ಟ ದಿನ ಹೋದ್ರೆ ಕೆಲಸ ಆಗಲ್ಲ, ಫೋನ್ ಮಾಡಿದ್ರೆ ಮೆಷಿನ್ ಸದ್ದಲ್ಲಿ ಎತ್ತಲ್ಲ. ಇನ್ನೊಂದು, ಮೂಲೆ ದುಂಡಗೆ ಮಾಡೋ ಮೆಷಿನ್ ಅವರ ಹತ್ರ ಇಲ್ಲ, ಬೇಕಂದ್ರೆ ನೀವೇ ಕಾರ್ನರ್ ಪಂಚ್ ತಗೋಬೇಕು. ಮದುವೆ ಸೀಸನ್‌ನಲ್ಲಿ ಹೋಗ್ಬೇಡಿ, ಆಗ ಅವರಿಗೆ ಊಟಕ್ಕೂ ಪುರುಸೊತ್ತು ಇರಲ್ಲ. ಆಷಾಢದಲ್ಲಿ ಹೋಗಿ, ಮದುವೆ ಕಾರ್ಡ್ ಕೆಲಸ ಕಮ್ಮಿ ಇರುತ್ತೆ, ಅಳತೆ ಬರೆದ ಚೀಟಿ ಕೈಯಲ್ಲಿರ್ಲಿ, ಶೀಟನ್ನ ಮಡಚದೆ ಸುತ್ತಿಕೊಂಡು ಹೋಗಿ, ನಾಲ್ಕೈದು ಶೀಟ್ ಒಟ್ಟಿಗೆ ಕೊಟ್ರೆ ದೀಪಾವಳಿ ತನಕ ಮತ್ತೆ ಆ ಕಡೆ ಹೋಗೋ ಕೆಲಸ ಬರಲ್ಲ.