ವಂಡರ್‌ಲಾಗೆ ಹೋಗ್ತೀರಾ? ಬ್ಯಾಗ್ ಕಾಯೋಕೆ ಯಾರನ್ನೂ ಕೂರಿಸಬೇಡಿ

ಬೇಸಿಗೆ ರಜೆ ಬಂತು ಅಂದರೆ ಬೆಂಗಳೂರಿನ ಮನೆಗಳಲ್ಲಿ ಮಕ್ಕಳದ್ದು ಒಂದೇ ಹಟ, ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕ್. ನಮ್ಮನೆಯಲ್ಲೂ ಅದೇ. ಈ ಸಲ ತಿಪಟೂರಿನಿಂದ ಅತ್ತೆ ಬಂದಿದ್ದರು. ಮಗಳು ಹತ್ತನೇ ಕ್ಲಾಸು ಪರೀಕ್ಷೆ ಮುಗಿಸಿದ್ದಳು, ಮಗ ಮೂರನೇ ಕ್ಲಾಸು. ಹೀಗೆ ಮೂರು ತಲೆಮಾರು ಒಟ್ಟಿಗೆ ಹೋಗಿ ಬಂದೆವು. ಹಾಗಾಗಿ ಈ ರಿವ್ಯೂ ಗೆಳೆಯರ ಗುಂಪು ಕಟ್ಟಿಕೊಂಡು ಹೋಗುವ ಕಾಲೇಜು ಹುಡುಗರಿಗಲ್ಲ. ಚಿಕ್ಕವರು ದೊಡ್ಡವರು ಅಂತ ಇಡೀ ಮನೆಯನ್ನೇ ಕರೆದುಕೊಂಡು ಹೋಗುವವರಿಗೆ.

ಮೊದಲೇ ಹೇಳಿಬಿಡುತ್ತೇನೆ. ಜಾಗ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಅಲ್ಲಿ ಯಾವ ಮರದ ಕೆಳಗೆ ನೋಡಿದರೂ ಒಬ್ಬರು ಅಜ್ಜಿಯೋ ಅಮ್ಮನೋ ಕೂತಿರುತ್ತಾರೆ. ಸುತ್ತ ನಾಲ್ಕೈದು ಬ್ಯಾಗು, ಪಕ್ಕದಲ್ಲಿ ಚಪ್ಪಲಿ ರಾಶಿ, ಮಡಿಲಲ್ಲಿ ಎಲ್ಲರ ಮೊಬೈಲು. ಟಿಕೆಟ್ ತಗೊಂಡು ಒಳಗೆ ಬಂದು ಇಡೀ ದಿನ ಸಾಮಾನು ಕಾಯುತ್ತಾರೆ. ಮಕ್ಕಳು ಒದ್ದೆ ಬಟ್ಟೆಯಲ್ಲಿ ಓಡಿ ಬಂದು ನೀರು ಕುಡಿದು ಮತ್ತೆ ಓಡಿ ಹೋಗುತ್ತಾರೆ, ಇವರು ಬಾಟಲಿ ಮುಚ್ಚಳ ಹಾಕಿ ಮತ್ತೆ ಕೂರುತ್ತಾರೆ. ನೋಡಿ ನನಗೆ ನಿಜವಾಗಿ ಬೇಜಾರಾಯಿತು. ಅಲ್ಲೇ ಬಾಡಿಗೆಗೆ ಲಾಕರ್ ಸಿಗುತ್ತದೆ. ಒಂದು ಲಾಕರ್ ತಗೊಂಡರೆ ಒಬ್ಬರಿಗೆ ಇಡೀ ದಿನ ಬಿಡುವು ಸಿಕ್ಕ ಹಾಗೆ. ಈ ರಿವ್ಯೂ ಪೂರ್ತಿ ಓದದಿದ್ದರೂ ಪರವಾಗಿಲ್ಲ, ಇದೊಂದು ಮಾಡಿ.

ಜಾಗ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿಲೋಮೀಟರ್, ಬಿಡದಿಗಿಂತ ಸ್ವಲ್ಪ ಮುಂಚೆ ಒಳಗೆ ತಿರುಗಬೇಕು. 82 ಎಕರೆ, ಅರವತ್ತಕ್ಕೂ ಜಾಸ್ತಿ ಆಟಗಳು. ವಿ-ಗಾರ್ಡ್ ಕಂಪನಿ ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅವರು 2000ರಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಅಂತ ಒಂದು ಪಾರ್ಕ್ ಶುರು ಮಾಡಿದರು. ಆಮೇಲೆ 2005ರಲ್ಲಿ ನಮ್ಮ ಬಿಡದಿಯದು ಬಂತು. ಇದನ್ನು ಅತ್ತೆಗೆ ಹೇಳಿದಾಗ ಅವರಿಗೆ ಬಹಳ ಖುಷಿ. ತಿಪಟೂರಿನ ಮನೆಯಲ್ಲಿ ಟಿವಿ ಹಿಂದೆ ವರ್ಷಗಟ್ಟಲೆ ಇದ್ದದ್ದು ವಿ-ಗಾರ್ಡ್ ಸ್ಟೆಬಿಲೈಸರ್. "ಅವರದ್ದಾ ಇದು, ಹಾಗಾದರೆ ಗಟ್ಟಿ ಇರುತ್ತೆ" ಅಂದರು.

ಕಾರಲ್ಲಿ ಹೋಗುವವರು ಎಕ್ಸ್‌ಪ್ರೆಸ್‌ವೇ ಹತ್ತುವ ಮುಂಚೆ ಒಂದು ಸಲ ಮ್ಯಾಪ್ ನೋಡಿಕೊಳ್ಳಿ. ಅದು ಬಿಡದಿ ಊರನ್ನು ಪಕ್ಕಕ್ಕೆ ಬಿಟ್ಟು ಬೈಪಾಸಿನಲ್ಲಿ ಮುಂದೆ ಹೋಗಿಬಿಡುತ್ತದೆ. ಸರ್ವಿಸ್ ರಸ್ತೆಯಲ್ಲೇ ಹೋದರೆ ಸ್ವಲ್ಪ ನಿಧಾನ, ಆದರೆ ತಿರುವು ತಪ್ಪುವುದಿಲ್ಲ. ಬೈಕಿನವರಿಗಂತೂ ಬೇರೆ ದಾರಿಯೇ ಇಲ್ಲ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು ಆಟೋ ಬಿಡುವುದಿಲ್ಲ. ಬೆಳಿಗ್ಗೆ ಬೇಗ ಹೊರಟಿದ್ದರೆ ಬಿಡದಿವರೆಗೂ ಹೋಗಿ ತಟ್ಟೆ ಇಡ್ಲಿ ತಿಂದು ವಾಪಸ್ ಬನ್ನಿ. ಇಡ್ಲಿ ಮೇಲೆ ಬೆಣ್ಣೆ ಕರಗುತ್ತಾ ಇರಬೇಕು, ಆಗಲೇ ತಿನ್ನಬೇಕು. ಪಾರ್ಕ್ ಸಾಮಾನ್ಯವಾಗಿ 11ಕ್ಕೆ ತೆರೆಯುತ್ತದೆ, ಹಾಗಾಗಿ ಸಮಯ ಇದ್ದೇ ಇರುತ್ತದೆ.

ಈಗ ಟಿಕೆಟ್ ವಿಷಯ. ವಾರದ ದಿನ ಒಂದು ರೇಟು, ಶನಿವಾರ ಭಾನುವಾರ ಇನ್ನೊಂದು, ರಜೆ ಸೀಸನ್ನಿನಲ್ಲಿ ಮತ್ತೊಂದು. ಆನ್‌ಲೈನಲ್ಲೇ ಆ ದಿನದ ರೇಟು ನೋಡಿ ಬುಕ್ ಮಾಡಿ. ಕಾಲೇಜಿನವರಿಗೆ ಐಡಿ ಮೇಲೆ ರಿಯಾಯಿತಿ ಇರುತ್ತದೆ, 60 ದಾಟಿದವರಿಗೂ ಬೇರೆ ರೇಟು, ಆಧಾರ್ ಕಾರ್ಡ್ ಜೊತೆಗಿರಲಿ. ಮಕ್ಕಳ ಟಿಕೆಟಿಗೆ ವಯಸ್ಸು ಲೆಕ್ಕಕ್ಕಿಲ್ಲ, ಎತ್ತರ ಲೆಕ್ಕ. 85 ಸೆಂಟಿಮೀಟರ್‌ಗಿಂತ ಚಿಕ್ಕವರಿಗೆ ಟಿಕೆಟ್ ಬೇಡ, 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದ್ದು.

ಈ ಎತ್ತರದ ಮಾತು ಟಿಕೆಟ್ ಹತ್ತಿರ ಮುಗಿಯುವುದಿಲ್ಲ. ಒಂದೊಂದು ಆಟದ ಮುಂದೆಯೂ ಅಳತೆ ಇರುತ್ತದೆ. ರಿಕಾಯಿಲ್ ಅನ್ನುವ ದೊಡ್ಡ ರೋಲರ್ ಕೋಸ್ಟರಿಗೆ 140 ಸೆಂಟಿಮೀಟರ್ ಬೇಕೇ ಬೇಕು. ಯಾಕೆ ಅಂದರೆ ಭುಜದ ಮೇಲೆ ಬಂದು ಕೂರುವ ಆ ಕಬ್ಬಿಣದ ತಡೆ ಒಂದು ಅಳತೆಯ ಮೈಗೆ ಮಾಡಿದ್ದು. ಮೈ ಚಿಕ್ಕದಿದ್ದರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಹಿಂದಿನ ದಿನವೇ ಮನೆಯ ಗೋಡೆಗೆ ನಿಲ್ಲಿಸಿ ಮಕ್ಕಳ ಎತ್ತರ ಅಳೆಯಿರಿ, ಯಾವುದು ಸಿಗುತ್ತದೆ ಯಾವುದು ಸಿಗುವುದಿಲ್ಲ ಅಂತ ಕೂರಿಸಿ ಹೇಳಿ. ನಮ್ಮ ಮಗನಿಗೆ ಹಾಗೆ ಮಾಡಿದ್ದೆವು, ಅವನು ಆರಾಮಾಗಿದ್ದ. ನಮ್ಮ ಮುಂದೆ ನಿಂತಿದ್ದ ಇನ್ನೊಬ್ಬ ಹುಡುಗ ಅಷ್ಟು ಹೊತ್ತು ಸಾಲಿನಲ್ಲಿ ನಿಂತು, ಅಳತೆ ಕೋಲಿನ ಹತ್ತಿರ ಹಿಮ್ಮಡಿ ಎತ್ತಿ ಎತ್ತಿ ನಿಂತ, ಆದರೂ ಆಗಲಿಲ್ಲ. ಅವನ ಕಣ್ಣಲ್ಲಿ ನೀರು. ಅಲ್ಲಿನ ಹುಡುಗಿ ಮಂಡಿಯೂರಿ ಕೂತು ಅವನ ಜೊತೆ ಮಾತಾಡಿ ಕಳಿಸಿದರು. ರೂಲ್ಸ್ ಬಿಡಲಿಲ್ಲ, ಗದರಲೂ ಇಲ್ಲ. ಇದು ನನಗೆ ತುಂಬಾ ಇಷ್ಟವಾಯಿತು.

ರಿಕಾಯಿಲ್ ಬಗ್ಗೆ ಮಗಳನ್ನೇ ಕೇಳಬೇಕು. ರೈಲು ಮೊದಲು ಹಿಂದಕ್ಕೆ, ಬೆನ್ನು ಮೇಲೆ ಮಾಡಿಕೊಂಡು ಏರುತ್ತದೆ. ಮುಖ ನೆಲದ ಕಡೆಗೆ. ಮೇಲೆ ಹೋಗಿ ಒಂದು ಕ್ಷಣ ನಿಲ್ಲುತ್ತದೆ, ಕೈಬಿಡುತ್ತದೆ. ಅಲ್ಲಿಂದ ಮೂರು ಸಲ ತಲೆಕೆಳಗು, ಮುಂದಿನ ಏರು, ಅಲ್ಲಿಂದ ಮತ್ತೆ ಅದೇ ದಾರಿಯಲ್ಲಿ ಹಿಂದು ಹಿಂದಕ್ಕೆ ಮೂರು ಸಲ. ಮಗ ಕೆಳಗೆ ನಿಂತು "ಅಮ್ಮ, ಎಂಜಿನ್ ಎಲ್ಲಿದೆ" ಅಂತ ಕೇಳಿದ. ರೈಲಿಗೆ ಎಂಜಿನ್ನೇ ಇಲ್ಲ. ಎಳೆದು ಮೇಲೆ ಬಿಡುವುದಷ್ಟೇ ಮೋಟಾರಿನ ಕೆಲಸ, ಮಿಕ್ಕಿದ್ದು ಭೂಮಿ ಎಳೆಯುವುದು. ಗಾಳಿಗೆ, ಚಕ್ರದ ಉಜ್ಜಾಟಕ್ಕೆ ಸ್ವಲ್ಪ ವೇಗ ಹೋಗಿಬಿಡುತ್ತದೆ, ಅದಕ್ಕೇ ಎರಡನೇ ಏರಿನಲ್ಲಿ ಅರ್ಧಕ್ಕೆ ಮತ್ತೆ ಹಿಡಿದು ಮೇಲೆ ಎಳೆಯುತ್ತಾರೆ. ಗಮನವಿಟ್ಟು ನೋಡಿದರೆ ಆ ಹಿಡಿಯುವ ಜಾಗ ಕಾಣುತ್ತದೆ. ಮಗನಿಗೆ ಹತ್ತಲು ಆಗದಿದ್ದರೂ ಅದನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದ. ಬಿಪಿ, ಹೃದಯದ ತೊಂದರೆ, ಬೆನ್ನುನೋವು ಇರುವವರು, ಬಸುರಿಯರು ಇಂಥದ್ದಕ್ಕೆ ಹತ್ತಬಾರದು ಅಂತ ಬೋರ್ಡ್ ಇದೆ, ದಯವಿಟ್ಟು ಕೇಳಿ. ಸುಮ್ನೆ ಧೈರ್ಯ ತೋರಿಸೋಕೆ ಹೋಗಬೇಡಿ.

ಚಿಕ್ಕವರಿಗೆ ಬೇರೆಯದೇ ಆಟಗಳಿವೆ, ಮಗನಿಗೆ ಎಲ್ಲೂ ಬೋರ್ ಆಗಲಿಲ್ಲ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಿಗ್ಗೆ ಒಣ ಆಟಗಳು ಮುಗಿಸಿ, ನೀರಿನದು ಮಧ್ಯಾಹ್ನದ ಹೊತ್ತಿಗೆ ಶುರುವಾಗುತ್ತದೆ. ಬಿಸಿಲು ನೆತ್ತಿ ಮೇಲೆ ಬಂದಾಗ ನೀರಲ್ಲಿರುವುದೇ ಸರಿ ಅಲ್ವಾ.

ನೀರಿನ ಕಡೆ ಹೋಗಲು ಬಟ್ಟೆ ನೈಲಾನ್ ಅಥವಾ ಪಾಲಿಯೆಸ್ಟರ್ ಇರಬೇಕು. ಕಾಟನ್ ಬಿಡುವುದಿಲ್ಲ, ಸೀರೆ, ಚೂಡಿದಾರ್, ಜೀನ್ಸ್ ಯಾವುದೂ ಇಲ್ಲ. ಬಹಳ ಜನ ಇದನ್ನು ಕಿರಿಕಿರಿ ಅಂತ ತಿಳಿಯುತ್ತಾರೆ. ಕಾಟನ್ ನೀರು ಕುಡಿದು ಭಾರವಾಗುತ್ತದೆ, ಅದರ ಎಳೆಗಳು ನೀರು ಸೋಸುವ ಫಿಲ್ಟರಿಗೆ ಹೋಗಿ ಕೂರುತ್ತವೆ. ಸಾವಿರಾರು ಜನ ಇಳಿಯುವ ನೀರು ಶುದ್ಧವಾಗಿರಬೇಕು ಅಂದರೆ ಇದು ಬೇಕೇ ಬೇಕು. ಮರೆತವರಿಗೆ ಅಲ್ಲೇ ಸಿಗುತ್ತದೆ, ಆದರೆ ಮನೆಯಿಂದ ತಗೊಂಡು ಹೋದರೆ ಖರ್ಚು ಉಳಿಯುತ್ತದೆ, ಮೈಗೂ ಹೊಂದುತ್ತದೆ.

ಅಜ್ಜಿಯಂದಿರು ಮರದ ಕೆಳಗೆ ಉಳಿಯುವುದು ಇಲ್ಲೇ. ನೀರಿನ ಭಯಕ್ಕಿಂತ ಬಟ್ಟೆಯ ಸಂಕೋಚ ದೊಡ್ಡದು. "ಆ ಥರ ಬಟ್ಟೆ ಹಾಕ್ಕೊಂಡು ನಾನು ಬರಲ್ಲಮ್ಮ" ಅಂತ ಅತ್ತೆ ಮನೆಯಲ್ಲೇ ಹೇಳಿದ್ದರು. ನಾನು ಮಗಳು ಹೋಗಿ ಅವರಿಗೆ ಕಪ್ಪು ಬಣ್ಣದ ಕಾಲು ಪೂರ್ತಿ ಮುಚ್ಚುವ ಟೈಟ್ಸ್, ಮಂಡಿ ಹತ್ತಿರ ಬರುವ ಉದ್ದ ತೋಳಿನ ಈಜಿನ ಟಾಪ್ ತಂದೆವು. ಮನೆಯಲ್ಲೇ ಹಾಕಿಸಿ ನೋಡಿದೆವು, ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿಕೊಂಡರು. ಅಲ್ಲಿ ಬಟ್ಟೆ ಬದಲಿಸುವ ಕೋಣೆಯಿಂದ ಹೊರಗೆ ಬಂದಾಗ ಟವೆಲ್ ಅನ್ನು ಸೆರಗಿನ ಹಾಗೆ ಹೊದ್ದಿದ್ದರು. ಯಾರೂ ತಮ್ಮನ್ನು ನೋಡುತ್ತಿಲ್ಲ ಅಂತ ಗೊತ್ತಾಗಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಟವೆಲ್ ಲಾಕರಿಗೆ ಹೋಯಿತು.

ವೇವ್ ಪೂಲ್ ಒಂದಕ್ಕೇ ನಾನು ಮತ್ತೆ ಹೋಗಲು ತಯಾರು. ದಡದ ಕಡೆ ಕಾಲು ಮುಳುಗುವಷ್ಟೇ ನೀರು, ಒಳಗೆ ಹೋದ ಹಾಗೆ ಆಳ. ಸ್ವಲ್ಪ ಹೊತ್ತು ನೀರು ಸುಮ್ಮನಿರುತ್ತದೆ, ಆಮೇಲೆ ಸದ್ದು ಮಾಡಿ ಅಲೆ ಬಿಡುತ್ತಾರೆ. ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಅತ್ತೆ ಮೊದಲು ನನ್ನ ಮೊಣಕೈ ಹಿಡಿದು ದಡದಲ್ಲಿ ಕೂತರು, ಅಲೆ ಬಂದು ಸೊಂಟದವರೆಗೆ ಮುಟ್ಟಿ ಹೋಯಿತು. ಇನ್ನೊಂದು ಬಂತು. ಮೂರನೆಯದಕ್ಕೆ ಎದ್ದು ಮೊಮ್ಮಗನ ಕೈ ಹಿಡಿದು ತಾವೇ ಮುಂದಕ್ಕೆ ಹೋದರು. ಅರವತ್ತೆಂಟು ವರ್ಷದ ಹೆಂಗಸು, ಜೀವಮಾನದಲ್ಲಿ ಹೊಳೆಗೆ ಇಳಿದದ್ದು ತೀರ್ಥಸ್ನಾನಕ್ಕೆ ಮಾತ್ರ. ಅವತ್ತು ಅವರನ್ನು ನೀರಿನಿಂದ ಮೇಲೆ ಕರೆಯುವುದೇ ನಮಗೆ ಕೆಲಸವಾಯಿತು. ಹತ್ತಿರದಲ್ಲಿ ಜೀವರಕ್ಷಕರು ಸೀಟಿ ಹಿಡಿದು ನಿಂತೇ ಇರುತ್ತಾರೆ, ಹುಡುಗರು ಆಳಕ್ಕೆ ಹೋದರೆ ಊದುತ್ತಾರೆ. ಆ ಧೈರ್ಯ ಇದ್ದದ್ದಕ್ಕೇ ನಾನೂ ನೆಮ್ಮದಿಯಾಗಿದ್ದೆ.

ಲೇಜಿ ರಿವರ್ ಅಂತ ಇನ್ನೊಂದಿದೆ. ಟ್ಯೂಬಿನಲ್ಲಿ ಕೂತರೆ ನೀರೇ ನಿಧಾನಕ್ಕೆ ತೇಲಿಸಿಕೊಂಡು ಹೋಗುತ್ತದೆ. ಮಂಡಿ ನೋವಿರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ರೇನ್ ಡಿಸ್ಕೋದಲ್ಲಿ ಮೇಲಿನಿಂದ ಬೆಚ್ಚಗಿನ ಮಳೆ, ಜೋರು ಹಾಡು, ಕತ್ತಲಲ್ಲಿ ಬಣ್ಣದ ಲೈಟು. ಅಲ್ಲಿ ವಯಸ್ಸು ಕೇಳುವವರು ಯಾರೂ ಇಲ್ಲ. ಕಡಿದಾದ ಜಾರುಬಂಡೆಗಳಿಗೆ ಮಗಳು, ಅವಳಪ್ಪ ಹೋದರು. ನಾನು ಕೆಲವಕ್ಕೆ ಹೋದೆ, ಮೂಗು ಹಿಡಿದುಕೊಳ್ಳುವುದು ಮರೆಯಬೇಡಿ.

ಊಟಕ್ಕೆ ಒಳಗೇ ಹೋಟೆಲುಗಳಿವೆ, ಹೊರಗಿನ ತಿಂಡಿ ಬಿಡುವುದಿಲ್ಲ. ಅನ್ನ ಸಾಂಬಾರಿನಿಂದ ಹಿಡಿದು ಚಾಟ್ಸ್‌ವರೆಗೂ ಸಿಗುತ್ತದೆ. ಬೆಲೆ ಹೊರಗಿಗಿಂತ ಜಾಸ್ತಿ, ಇಂಥ ಪಾರ್ಕುಗಳಲ್ಲಿ ಎಲ್ಲ ಕಡೆ ಹಾಗೇ. ಒಂದು ಗಂಟೆಗೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಹನ್ನೆರಡೂವರೆಗೇ ತಿಂದುಬಿಡಿ, ಅಥವಾ ಎರಡೂವರೆಗೆ ಹೋಗಿ. ತಿಂದ ತಕ್ಷಣ ತಿರುಗುವ ಆಟ ಮಾತ್ರ ಬೇಡ.

ಸಂಜೆಗೆ ಸ್ಕೈ ವೀಲ್ ಉಳಿಸಿಕೊಳ್ಳಿ. ಎತ್ತರದ ಕಟ್ಟಡದ ಮೇಲೆ ಕೂರಿಸಿದ ಜೈಂಟ್ ವೀಲ್ ಅದು. ನಿಧಾನಕ್ಕೆ ತಿರುಗುತ್ತದೆ, ಅತ್ತೆಯವರೂ ಹತ್ತಿದರು. ಮೇಲಿನಿಂದ ರಾಮನಗರದ ಕಡೆಯ ಬಂಡೆಗುಡ್ಡಗಳು, ತೆಂಗಿನ ತೋಟ ಕಾಣುತ್ತವೆ. ತಿಪಟೂರಿನವರಿಗೆ ತೆಂಗು ಕಂಡರೆ ಬಿಡ್ತಾರಾ, ಮೇಲಿನಿಂದಲೇ ಯಾರ ತೋಟ ಚೆನ್ನಾಗಿದೆ ಅಂತ ತೋರಿಸುತ್ತಿದ್ದರು.

ವಾಪಸ್ ಬರುವುದಕ್ಕೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ. ನಾವು ಆ್ಯಪಿನಲ್ಲಿ ಕರೆದ ಕ್ಯಾಬಿನವರು ಒಬ್ಬರಾದ ಮೇಲೆ ಒಬ್ಬರು ಕ್ಯಾನ್ಸಲ್ ಮಾಡಿದರು, ಒಬ್ಬರಂತೂ ಫೋನ್ ಮಾಡಿ ಎರಡರಷ್ಟು ಕೊಡಿ ಅಂದರು. ಸುಸ್ತಾದ ಮಕ್ಕಳನ್ನು, ವಯಸ್ಸಾದವರನ್ನು ಇಟ್ಟುಕೊಂಡು ಹಾಗೆ ರಸ್ತೆಯಲ್ಲಿ ಕಾಯುವುದು ಬಹಳ ಕಷ್ಟ. ಬೆಂಗಳೂರಿನಿಂದ ಬಿಎಂಟಿಸಿ ಬಸ್ ಇದೆ, ಕೊನೆ ಬಸ್ಸಿನ ಸಮಯ ಕೇಳಿಟ್ಟುಕೊಳ್ಳಿ. ಮೆಟ್ರೋದ ನೇರಳೆ ಮಾರ್ಗ 2023ರಿಂದ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೂ ಬರುತ್ತದೆ. ಅಲ್ಲಿಯವರೆಗೆ ತಲುಪಿದರೆ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ.

ಯಾವಾಗ ಹೋಗುವುದು ಅಂತ ಕೇಳಿದರೆ, ಮಂಗಳವಾರ ಬುಧವಾರ ನೋಡಿ. ಏಪ್ರಿಲ್ ಮೇ ಭಾನುವಾರ ದೊಡ್ಡ ಆಟಗಳಿಗೆ ಸಾಲು ಉದ್ದ ಇರುತ್ತದೆ, ಸಾಲು ಬೇಡ ಅನ್ನುವವರಿಗೆ ಜಾಸ್ತಿ ದುಡ್ಡಿನ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ವಾರದ ದಿನ ಹೋದರೆ ಅದು ಬೇಕಿಲ್ಲ. ಆ ದುಡ್ಡಿನಲ್ಲಿ ಲಾಕರ್ ತಗೊಳ್ಳಿ, ಅಮ್ಮನಿಗೋ ಅತ್ತೆಗೋ ಒಂದು ಒಳ್ಳೆಯ ಈಜಿನ ಬಟ್ಟೆ ತಗೊಳ್ಳಿ. ಹೋಗುವ ಮುಂಚೆ ಮನೆಯಲ್ಲೇ ಹಾಕಿಸಿ ನೋಡಿ, ಅಲ್ಲಿ ಹೋಗಿ ಒಪ್ಪಿಸುವುದು ಕಷ್ಟ.