ಥೀಮ್ ಪಾರ್ಕಿನ ಆಸನಗಳು: ದಪ್ಪ ಮೈಯವರಿಗಾಗಿ ಒಂದು ವಿಮರ್ಶೆ

ಥೀಮ್ ಪಾರ್ಕುಗಳ ವಿಮರ್ಶೆಗಳಲ್ಲಿ ಟಿಕೆಟ್ಟಿನ ದರ, ಸರತಿಯ ಉದ್ದ, ಊಟದ ರುಚಿ, ಶೌಚಾಲಯದ ಸ್ವಚ್ಛತೆ ಎಲ್ಲವೂ ಸಿಗುತ್ತವೆ. ನೂರು ಕಿಲೋ ದಾಟಿದವರು ಅಲ್ಲಿನ ಆಸನಗಳಲ್ಲಿ ಕೂರಲು ಸಾಧ್ಯವೇ ಎಂಬ ಮಾತು ಮಾತ್ರ ಸಿಗುವುದಿಲ್ಲ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಬಳಗದವರು ಸಂಸಾರ ಸಮೇತ ಒಂದು ದಿನದ ಪ್ರವಾಸ ಗೊತ್ತುಮಾಡಿದಾಗ ನಾನು ಹುಡುಕಿದ್ದು ಆ ಒಂದು ಮಾತನ್ನೇ. ಸಿಗಲಿಲ್ಲವಾದ್ದರಿಂದ ಹೋಗಿ ಬಂದ ಮೇಲೆ ನಾನೇ ಬರೆಯುತ್ತಿದ್ದೇನೆ. ಬೆಳಗ್ಗೆ ಬಸ್ಸಿನಲ್ಲಿ ಹೊರಟು ರಾತ್ರಿ ಮನೆ ಸೇರಬಹುದಾದಷ್ಟು ದೂರದಲ್ಲಿರುವ ಆ ಪಾರ್ಕಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಸವಾರಿಯ ಯಂತ್ರಗಳನ್ನು ತಯಾರಿಸುವವರು ಜಗತ್ತಿನಲ್ಲಿ ಕೆಲವೇ ಕಂಪನಿಗಳವರು. ಒಂದು ಕಡೆ ಕಂಡ ಆಸನ ಇನ್ನೊಂದು ಕಡೆಯೂ ಎದುರಾಗುತ್ತದೆ. ಹೀಗಾಗಿ ಇದನ್ನು ಒಂದು ಪಾರ್ಕಿನ ವಿಮರ್ಶೆ ಎನ್ನುವುದಕ್ಕಿಂತ ಆಸನಗಳ ವಿಮರ್ಶೆ ಎಂದು ಓದಿಕೊಂಡರೆ ಹೆಚ್ಚು ಉಪಯೋಗ.

ಓದುವವರು ತಮ್ಮ ಅಳತೆಯೊಂದಿಗೆ ಹೋಲಿಸಿಕೊಳ್ಳಲು ಅನುಕೂಲವಾಗಲೆಂದು ನನ್ನ ಅಳತೆಯನ್ನು ಮೊದಲೇ ಹೇಳುತ್ತೇನೆ. ಎತ್ತರ 5 ಅಡಿ 7 ಅಂಗುಲ, ತೂಕ 118 ಕಿಲೋ, ಎದೆಯ ಸುತ್ತಳತೆ 50 ಅಂಗುಲ, ಹೊಟ್ಟೆ ಅದಕ್ಕಿಂತ ಸ್ವಲ್ಪ ಮುಂದೆ. ಜೊತೆಯಲ್ಲಿದ್ದ ನಮ್ಮ ಭಾವ ನನಗಿಂತಲೂ ಹೆಚ್ಚು ತೂಗುವವರು, ಆದರೆ ಆರಡಿ ಎತ್ತರದ ಆಳು. ಅವರ ಭಾರ ಮೈಯುದ್ದಕ್ಕೂ ಹಂಚಿಹೋಗಿದೆ, ನನ್ನದು ಎದೆಯ ಕೆಳಗೆ ಒಂದೇ ಕಡೆ ನಿಂತಿದೆ. ದಿನವಿಡೀ ಭಾವನವರು ಯಾವ ತೊಡಕೂ ಇಲ್ಲದೆ ಕೂತ ಆಸನಗಳಲ್ಲಿ ನಾನು ಉಸಿರು ಬಿಗಿಹಿಡಿಯಬೇಕಾಯಿತು. ನೀರಿಗಿಳಿಯದ ಒಣ ಸವಾರಿಗಳಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ತೂಕಕ್ಕಿಂತ ಹೆಚ್ಚಾಗಿ ಮೈಯ ಆಕಾರ. ತೂಕದ ಯಂತ್ರದ ಮೇಲೆ ನಿಂತು ಧೈರ್ಯ ತಂದುಕೊಂಡವರೂ ಧೈರ್ಯಗೆಟ್ಟವರೂ ಇದನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲರೂ ಮೊದಲು ಓಡುವುದು ತಲೆಕೆಳಗಾಗಿಸುವ ದೊಡ್ಡ ರೋಲರ್ ಕೋಸ್ಟರ್ ಕಡೆಗೆ. ಇಂಥವುಗಳಲ್ಲಿ ಹೆಗಲ ಮೇಲಿಂದ ಇಳಿದು ಎದೆಯನ್ನು ಅಪ್ಪಿ ಹಿಡಿಯುವ ಗಟ್ಟಿ ಕವಚ ಇರುತ್ತದೆ. ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಪಾರ್ಕಿನಲ್ಲಿ 2013ರಲ್ಲಿ ಶುರುವಾದ ನೈಟ್ರೋ ಈ ಜಾತಿಯದು. ಸ್ವಿಟ್ಜರ್ಲೆಂಡಿನ ಬೋಲಿಗರ್ ಆ್ಯಂಡ್ ಮಬಿಲಾರ್ಡ್ ಕಂಪನಿ ತಯಾರಿಸಿದ, ಕಾಲ ಕೆಳಗೆ ನೆಲವಿಲ್ಲದ ಕೋಸ್ಟರ್ ಅದು. ನಾನು ಕೂತದ್ದು ಅದರಲ್ಲಲ್ಲವಾದರೂ ಕವಚದ ತತ್ತ್ವ ಬೇರೆಯಲ್ಲ. ಕವಚ ಕೆಳಗಿಳಿದಂತೆ ಒಳಗಿನ ಬೀಗ ಅದನ್ನು ಅಲ್ಲಲ್ಲೇ ಹಿಡಿಯುತ್ತದೆ, ಮೇಲೇಳಲು ಬಿಡುವುದಿಲ್ಲ. ಅದಲ್ಲದೆ ಕವಚದ ತುದಿಯನ್ನು ತೊಡೆಗಳ ನಡುವಿನ ಆಸನದ ಮುಂಭಾಗಕ್ಕೆ ಜೋಡಿಸುವ ಒಂದು ಗಿಡ್ಡ ಬೆಲ್ಟು ಇರುತ್ತದೆ. ಬೀಗ ಕೈಕೊಟ್ಟರೂ ಕವಚ ತೆರೆದುಕೊಳ್ಳಬಾರದೆಂಬ ಎರಡನೆಯ ಭದ್ರತೆ ಅದು. ದಪ್ಪ ಮೈಯವರ ಮಟ್ಟಿಗೆ ನಿಜವಾದ ಪರೀಕ್ಷಕ ಈ ಬೆಲ್ಟೇ. ಅದರ ಉದ್ದವನ್ನು ಕಾರಿನ ಬೆಲ್ಟಿನ ಹಾಗೆ ಎಳೆದು ಹೆಚ್ಚಿಸಲು ಬರುವುದಿಲ್ಲ. ಕವಚ ಸಾಕಷ್ಟು ಕೆಳಗೆ ಬಂದರೆ ಬಕಲ್ ಬೀಳುತ್ತದೆ, ಇಲ್ಲವಾದರೆ ಇಲ್ಲ. ಬಕಲ್ ಬೀಳದೆ ಗಾಡಿ ಬಿಡುವಂತಿಲ್ಲ.

ನಾನು ನಡುಸಾಲಿನ ಆಸನದಲ್ಲಿ ಕೂತಾಗ ಬೆಲ್ಟಿನ ನಾಲಿಗೆಗೂ ಬಕಲಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಮೇಲ್ವಿಚಾರಣೆಯ ಹುಡುಗ ಬಂದು, "ಕಾಕಾ, ಶ್ವಾಸ ಸೋಡಾ" ಎಂದು ಮರಾಠಿಯಲ್ಲಿ ಹೇಳಿ, ನಾನು ಉಸಿರು ಬಿಟ್ಟ ಕ್ಷಣದಲ್ಲಿ ಎರಡೂ ಅಂಗೈ ಊರಿ ಕವಚವನ್ನು ಒತ್ತಿದ. ಎರಡು ಬೆರಳು ಒಂದು ಬೆರಳಾಯಿತು, ಅಲ್ಲಿಗೇ ನಿಂತಿತು. ಮೂವತ್ತು ಜನ ಕಟ್ಟಿಸಿಕೊಂಡು ಕೂತು ಕಾಯುತ್ತಿದ್ದರು. ನಿಲ್ದಾಣದ ಮೇಲಿನ ಸಾಲಿನಲ್ಲಿ ನಿಂತವರಿಗೆ ನೋಡಲು ಬೇರೇನೂ ಇರಲಿಲ್ಲ. ಅಷ್ಟರಲ್ಲಿ ನನ್ನ ಅಣ್ಣನ ಮಗಳು "ಚಿಕ್ಕಪ್ಪ, ಆಗ್ತಿಲ್ವಾ?" ಎಂದು ಕನ್ನಡದಲ್ಲಿ ಕೇಳಿದ್ದು ಇನ್ನೊಬ್ಬ ಹುಡುಗನ ಕಿವಿಗೆ ಬಿತ್ತು. ಅವನು ವಿಜಯಪುರದ ಕಡೆಯವನು. ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸಾಹೇಬ್ರ, ಕಡೀ ಸಾಲಿಗೆ ಬರ್ರಿ, ಅಲ್ಲಿ ಒಂದು ಸೀಟಿನ ಬೆಲ್ಟ್ ಉದ್ದ ಐತಿ" ಅಂದ. ಮುಂದಿನ ಸರದಿಯಲ್ಲಿ ಆ ಸೀಟಿನಲ್ಲಿ ಕೂತೆ. ಬೆನ್ನನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಸೊಂಟವನ್ನು ಆಸನದ ಮೂಲೆಯವರೆಗೆ ಸರಿಸಿ, ಕವಚವನ್ನು ಅವನು ಒತ್ತುವ ಮೊದಲೇ ನಾನೇ ಎಳೆದುಕೊಂಡೆ. ಬಕಲ್ ಟಕ್ಕೆಂದು ಬಿತ್ತು.

ಸವಾರಿ ಚೆನ್ನಾಗಿತ್ತು, ಅದರ ವರ್ಣನೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ನನ್ನ ತಕರಾರು ಇರುವುದು ಆ ಉದ್ದದ ಬೆಲ್ಟಿನ ಸಂಗತಿ ಒಬ್ಬ ಹುಡುಗನ ತಲೆಯಲ್ಲಿ ಮಾತ್ರ ಇತ್ತು ಎಂಬುದರ ಬಗ್ಗೆ. ಅದೇ ಸ್ವಿಸ್ ಕಂಪನಿಯ ಕೋಸ್ಟರುಗಳಿರುವ ಅಮೆರಿಕದ ಹಲವು ಪಾರ್ಕುಗಳಲ್ಲಿ ದೊಡ್ಡ ಮೈಯವರಿಗೆಂದೇ ನಿರ್ದಿಷ್ಟ ಸಾಲುಗಳಲ್ಲಿ ಎರಡು ಬೆಲ್ಟಿನ ಆಸನಗಳಿವೆ, ಸರತಿಯ ಬಾಗಿಲಲ್ಲೇ ಕೂತು ನೋಡಲು ಒಂದು ಮಾದರಿ ಆಸನವನ್ನೂ ಇಟ್ಟಿರುತ್ತಾರೆ. ನಾನು ಹೋದ ಪಾರ್ಕಿನಲ್ಲಿ ಎತ್ತರ ಅಳೆಯುವ ಬಣ್ಣದ ಕಂಬ ಪ್ರತಿ ಸವಾರಿಯ ಮುಂದೆಯೂ ಇತ್ತು, ಮಾದರಿ ಆಸನ ಎಲ್ಲಿಯೂ ಇರಲಿಲ್ಲ. ಗಿಡ್ಡ ಮಗುವಿಗೆ "ಬೇಡ" ಎನ್ನುವುದು ಬಾಗಿಲಲ್ಲಿ. ದಪ್ಪ ಮನುಷ್ಯನಿಗೆ "ಬೇಡ" ಎನ್ನುವುದು ಒಂದು ಗಂಟೆ ಬಿಸಿಲಲ್ಲಿ ನಿಂತ ಮೇಲೆ, ನೂರು ಜನರ ಎದುರಿಗೆ.

ನಿರಾಕರಣೆಯ ಬಗ್ಗೆಯೇ ನನ್ನ ದೂರಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಮುಂಬೈ ಲೋಕಲ್ ರೈಲಿನಲ್ಲಿ ಮೂವರ ಬೆಂಚಿಗೆ ನಾಲ್ಕನೆಯವರು ಬಂದಾಗಿನ ಹಾಗೆ "ಜರಾ ಸರಕೋ" ಎಂದು ಹೊಂದಿಸಿಕೊಳ್ಳುವ ವಿಷಯ ಇದಲ್ಲ. 2022ರ ಮಾರ್ಚ್‌ನಲ್ಲಿ ಅಮೆರಿಕದ ಓರ್ಲಾಂಡೋದಲ್ಲಿ ಎತ್ತರದ ಗೋಪುರದಿಂದ ಕೆಳಗೆ ಬೀಳಿಸುವ ಸವಾರಿಯೊಂದರಲ್ಲಿ 14 ವರ್ಷದ ದೊಡ್ಡ ಮೈಕಟ್ಟಿನ ಹುಡುಗನೊಬ್ಬ ಆಸನದಿಂದ ಜಾರಿ ಬಿದ್ದು ಸತ್ತ. ಆ ಆಸನದ ಸಂವೇದಕವನ್ನು ಕೈಯಾರೆ ಸಡಿಲಿಸಿ, ಕವಚಕ್ಕೂ ಆಸನಕ್ಕೂ ನಡುವಿನ ಅಂತರ ಉಳಿದ ಆಸನಗಳಿಗಿಂತ ಸುಮಾರು ಎರಡು ಪಟ್ಟಿದ್ದರೂ ಸವಾರಿ ಹೊರಡುವಂತೆ ಮಾಡಲಾಗಿತ್ತು; ಹುಡುಗನ ತೂಕ ತಯಾರಕರ ಮಿತಿಯಾದ ಸುಮಾರು 130 ಕಿಲೋಗಿಂತ ಬಹಳ ಹೆಚ್ಚಿತ್ತು; ಕವಚಕ್ಕೆ ಜೋಡಿಯಾಗಿ ಬೆಲ್ಟು ಇರಲಿಲ್ಲ. ಆದ್ದರಿಂದ ಬಕಲ್ ಬೀಳದಾಗ "ಒಂದು ಸಲ ಬಿಟ್ಟುಬಿಡಪ್ಪಾ" ಎಂದು ಗೋಗರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಬಿಟ್ಟುಬಿಡುವ ನೌಕರನನ್ನು ಕಂಡರೆ ಭಯವಾಗುತ್ತದೆ. ಈ ಪಾರ್ಕಿನ ಹುಡುಗರು ಯಾರೂ ಹಾಗೆ ಬಿಡಲಿಲ್ಲ. ಅದಕ್ಕೆ ಪೂರ್ತಿ ಅಂಕ.

ತೊಡೆಯ ಮೇಲೆ ಅಡ್ಡಕೋಲು ಬೀಳುವ ಸಣ್ಣ ಕೋಸ್ಟರುಗಳ ಕಥೆ ಬೇರೆ. ಇವನ್ನು ಕುಟುಂಬದ ಸವಾರಿ ಎಂದು ಕರೆಯುತ್ತಾರೆ, ಯಾರೂ ನಿರಾಕರಿಸುವುದಿಲ್ಲ. ನಿಜವಾಗಿ ಎಚ್ಚರ ಬೇಕಾದದ್ದು ಇಲ್ಲಿ. ಇಬ್ಬರಿಗೂ ಸೇರಿ ಒಂದೇ ಕೋಲಿದ್ದರೆ ಅದು ದಪ್ಪಗಿರುವವರ ತೊಡೆಗೋ ಹೊಟ್ಟೆಗೋ ತಾಗಿದಲ್ಲಿಯೇ ನಿಲ್ಲುತ್ತದೆ, ಪಕ್ಕದಲ್ಲಿ ಕೂತ ಸಣ್ಣ ಮಗುವಿನ ಮೇಲೆ ಒಂದು ಗೇಣು ಖಾಲಿ ಉಳಿಯುತ್ತದೆ. ನಮ್ಮ ಅಕ್ಕ ಎಂಟು ವರ್ಷದ ಮಗನನ್ನು ನನ್ನ ಪಕ್ಕಕ್ಕೆ ಕೂರಿಸಲು ಬಂದಾಗ ನಾನೇ ಬೇಡವೆಂದು ಅವನನ್ನು ಅವಳ ಜೊತೆಗೆ ಕಳಿಸಿ, ಭಾವನವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಇಬ್ಬರೂ ಸೇರಿ ಆ ಪೆಟ್ಟಿಗೆಯನ್ನು ತುಂಬಿದ ರೀತಿಗೆ ಬಳಗದವರು ನಕ್ಕರು, ನಗಲಿ. ದಪ್ಪಗಿರುವವರ ಜೊತೆಗೆ ದಪ್ಪಗಿರುವವರು, ಮಗುವಿನ ಜೊತೆಗೆ ತೆಳ್ಳಗಿರುವವರು ಎಂಬ ಒಂದು ಸಾಲನ್ನು ಅಲ್ಲಿನ ಫಲಕದಲ್ಲಿ ಬರೆಯಲು ಖರ್ಚೇನೂ ಇಲ್ಲ.

ಗೋಪುರದಿಂದ ಬೀಳಿಸುವ ಸವಾರಿಯಲ್ಲೂ ಲೋಲಕದ ಹಾಗೆ ತೂಗಿ ತಿರುಗಿಸುವ ಸವಾರಿಯಲ್ಲೂ ಆಸನಗಳು ಗಡಸು ಫೈಬರಿನವು, ಎರಡೂ ಬದಿಗೆ ಎದ್ದ ಅಂಚುಗಳಿರುವಂಥವು. ಇಲ್ಲಿ ಹೊಟ್ಟೆಗಿಂತ ಸೊಂಟದ ಅಗಲ ಮುಖ್ಯವಾಗುತ್ತದೆ. ನಾನು ಕೂತೆ, ಎದ್ದಾಗ ಎರಡೂ ಪಕ್ಕೆಗಳಲ್ಲಿ ಅಂಚಿನ ಗುರುತು ಇತ್ತು. ತೂಕದಲ್ಲಿ ನನಗಿಂತ ಎಷ್ಟೋ ಕಡಿಮೆ ಇರುವ ನಮ್ಮ ಬಳಗದ ಹಿರಿಯ ಮಹಿಳೆಯೊಬ್ಬರಿಗೆ ಅದೇ ಆಸನದಲ್ಲಿ ಪೂರ್ತಿ ಕೆಳಗೆ ಇಳಿದು ಕೂರಲು ಆಗಲಿಲ್ಲ. ಮೇಲೆ ಕೂತದ್ದರಿಂದ ಕವಚವೂ ಕೂಡಲಿಲ್ಲ. ಸೀರೆ, ದುಪಟ್ಟಾ ಬೇಡವೆಂಬ ಫಲಕವಿದ್ದ ಜಾಗದಲ್ಲಿ ಆಸನದ ಒಳಗಿನ ಅಗಲವನ್ನೂ ಅಂಗುಲದಲ್ಲಿ ಬರೆದಿದ್ದರೆ ಅವರು ಮೆಟ್ಟಿಲು ಹತ್ತುವ ಶ್ರಮವಾದರೂ ಉಳಿಯುತ್ತಿತ್ತು.

ಕತ್ತಲೆಯಲ್ಲಿ ದೋಣಿಯೋ ಗಾಡಿಯೋ ನಿಧಾನವಾಗಿ ಸಾಗುವ ಸವಾರಿಗಳಲ್ಲಿ, ಕುರ್ಚಿ ಅಲುಗಾಡಿಸುವ ಥಿಯೇಟರುಗಳಲ್ಲಿ ನಮ್ಮಂಥವರಿಗೆ ಯಾವ ತೊಂದರೆಯೂ ಇಲ್ಲ. ಡಿಕ್ಕಿ ಕಾರುಗಳಲ್ಲಿ ಸ್ಟಿಯರಿಂಗ್ ಹೊಟ್ಟೆಗೆ ತಾಗುತ್ತದೆ, ಅಷ್ಟೇ.

ನೀರಿನ ಭಾಗಕ್ಕೆ ಬಂದರೆ ಲೆಕ್ಕ ತಿರುವುಮುರುವಾಗುತ್ತದೆ. ಇಲ್ಲಿ ಕವಚವಿಲ್ಲ, ಬೆಲ್ಟಿಲ್ಲ. ಆಕಾರ ಹೇಗಿದ್ದರೂ ನಡೆಯುತ್ತದೆ, ಆದರೆ ತೂಕಕ್ಕೆ ಮಿತಿಯಿದೆ. ಭಾರ ಹೆಚ್ಚಿದಷ್ಟೂ ನೀರಿನ ಜಾರುಬಂಡೆಯಲ್ಲಿ ತೆಪ್ಪ ವೇಗವಾಗಿ ಇಳಿಯುತ್ತದೆ, ತಿರುವಿನಲ್ಲಿ ಗೋಡೆಯ ಮೇಲಕ್ಕೆ ಏರುತ್ತದೆ. ನಾಲ್ಕು ಜನರ ತೆಪ್ಪಕ್ಕೆ ಒಟ್ಟು ಭಾರದ ಮಿತಿ ಇಡುವುದು ಇದೇ ಕಾರಣಕ್ಕೆ. ನಾನೂ ಭಾವನವರೂ ಒಂದೇ ತೆಪ್ಪದಲ್ಲಿ ಹೋಗುವಂತಿರಲಿಲ್ಲ, ಮಕ್ಕಳನ್ನು ಹಂಚಿಕೊಂಡು ಬೇರೆ ಬೇರೆಯಾಗಿ ಹೋದೆವು. ಇದನ್ನು ಅಲ್ಲಿನ ಫಲಕ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಸ್ಪಷ್ಟವಾಗಿ ಹೇಳಿತ್ತು, ಅದೂ ಮೆಟ್ಟಿಲ ಬುಡದಲ್ಲೇ. ಒಣ ಸವಾರಿಗಳ ಕಡೆ ಯಾರಿಗೂ ಹೊಳೆಯದ ಶಿಸ್ತು ನೀರಿನ ಕಡೆ ಇದ್ದುದು ಆಶ್ಚರ್ಯವೇ. ಬೇಸರವಾದದ್ದು ಬಟ್ಟೆಯ ವಿಷಯದಲ್ಲಿ. ನೈಲಾನ್ ಅಥವಾ ಲೈಕ್ರಾ ಉಡುಪಿಲ್ಲದೆ ನೀರಿಗೆ ಬಿಡುವುದಿಲ್ಲ. ಹತ್ತಿ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ನೂಲು ಬಿಟ್ಟು ಶೋಧಕಕ್ಕೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ನಿಯಮ ಸರಿಯೇ. ಆದರೆ ಬಾಡಿಗೆಯ ಕೌಂಟರಿನಲ್ಲಿ ಡಬಲ್ ಎಕ್ಸ್‌ಎಲ್‌ಗಿಂತ ದೊಡ್ಡದಿಲ್ಲ, ಅದೂ ಹಲವರು ತೊಟ್ಟು ಹಿಗ್ಗಿ ಬಣ್ಣಗೆಟ್ಟದ್ದು. ತ್ರಿಬಲ್ ಎಕ್ಸ್‌ಎಲ್ ಮೇಲಿನವರು ಮನೆಯಿಂದಲೇ ಉಡುಪು ಒಯ್ಯಬೇಕು. ದಾದರ್ ಅಥವಾ ಉಲ್ಲಾಸನಗರದ ಬಟ್ಟೆ ಪೇಟೆಯಲ್ಲಿ ಹುಡುಕಿ ಕೊಂಡರೂ ಎರಡು ಸಲದ ಬಾಡಿಗೆಗಿಂತ ಹೆಚ್ಚೇನೂ ಆಗದು.

ಹೊರಡುವ ಮುನ್ನ ಅತಿಥಿ ಸೇವೆಯ ಕಿಟಕಿಗೆ ಹೋಗಿ, ಕೂರಲಾಗದೆ ಮರಳಿದ ನಮ್ಮ ಬಳಗದ ಮಹಿಳೆಯ ಟಿಕೆಟ್ಟಿನಲ್ಲಿ ಸ್ವಲ್ಪವಾದರೂ ಹಣ ವಾಪಸ್ಸು ಬರುತ್ತದೆಯೇ ಎಂದು ಕೇಳಿದೆವು. ಬರುವುದಿಲ್ಲ. ಸುರಕ್ಷತೆಯ ಕಾರಣಕ್ಕೆ ನಿರಾಕರಿಸುವ ಹಕ್ಕು ಪಾರ್ಕಿಗಿದೆ ಎಂದು ಟಿಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಹಕ್ಕನ್ನು ನಾನು ಒಪ್ಪುತ್ತೇನೆ. ಹಣ ಕೊಡುವ ಮೊದಲು ತಿಳಿಯುವ ಹಕ್ಕು ನಮಗೂ ಇರಬೇಕಲ್ಲವೇ? ಓರ್ಲಾಂಡೋದ ಯೂನಿವರ್ಸಲ್ ಪಾರ್ಕಿನಲ್ಲಿ 2010ರಲ್ಲಿ ತೆರೆದ ಒಂದು ಸವಾರಿಯಿಂದ ದೊಡ್ಡ ಮೈಯವರು ಸಾಲುಸಾಲಾಗಿ ಹಿಂದಿರುಗಬೇಕಾಗಿ ಬಂದಾಗ ಅದೇ ವರ್ಷ ಕೆಲವು ಆಸನಗಳನ್ನು ಬದಲಿಸಿ ಹೆಚ್ಚು ಜನರಿಗೆ ಹೊಂದುವಂತೆ ಮಾಡಿದರು. ಇಲ್ಲಿ ಆಸನ ಬದಲಿಸುವಷ್ಟು ಯಾರೂ ಕೇಳುತ್ತಿಲ್ಲ. ಹಳೆಯ ಗಾಡಿಯಿಂದ ಕಳಚಿದ ಒಂದು ಆಸನವನ್ನು ಕವಚ, ಬೆಲ್ಟಿನ ಸಮೇತ ಸರತಿಯ ಬಾಗಿಲಲ್ಲಿ, ಮರೆಗೆ ಒಂದು ಅಡ್ಡಗೋಡೆ ಹಾಕಿ ಇಟ್ಟರೆ ಸಾಕು.

ಒಟ್ಟಿನಲ್ಲಿ ನನ್ನ ಅಳತೆಯವರಿಗೆ ಈ ಪಾರ್ಕಿನ ಪೂರ್ತಿ ಟಿಕೆಟ್ಟು ನಷ್ಟವಲ್ಲ. ಎದೆ 52 ಅಂಗುಲ ದಾಟಿದವರು ದೊಡ್ಡ ಕೋಸ್ಟರಿಗಾಗಿಯೇ ಹೋಗುವುದಾದರೆ ಯೋಚಿಸಿ; ನೀರಿನ ಭಾಗಕ್ಕೆ ಮಾತ್ರ ಬೇರೆ ಟಿಕೆಟ್ಟು ಸಿಗುತ್ತದೆ, ದರವೂ ಕಡಿಮೆ. ಶನಿವಾರ, ಭಾನುವಾರ, ಗಣಪತಿ ಮತ್ತು ದೀಪಾವಳಿಯ ರಜೆಗಳನ್ನು ಬಿಟ್ಟು ಹೋಗಿ. ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲಿ ಕೋಸ್ಟರಿನ ನಿಲ್ದಾಣ ಖಾಲಿ ಇರುತ್ತದೆ, ನೌಕರರಿಗೆ ಮಾತನಾಡಲು ಪುರುಸೊತ್ತು ಇರುತ್ತದೆ. ಸರತಿಗೆ ನಿಲ್ಲುವ ಮೊದಲೇ ಅವರನ್ನು ಕಂಡು, ಉದ್ದದ ಬೆಲ್ಟು ಯಾವ ಸಾಲಿನಲ್ಲಿದೆ ಎಂದು ಕೇಳಿ. ಬೆಳಗಿನ ತಿಂಡಿಯನ್ನು ಸವಾರಿಯಾದ ಮೇಲೆ ಇಟ್ಟುಕೊಳ್ಳಿ. ಬಸ್ಸಿನಲ್ಲಿ ನಾನು ತಿಂದ ಮೂರು ಇಡ್ಲಿಯ ಲೆಕ್ಕ ಆ ಒಂದು ಬೆರಳಿನ ಅಂತರದಲ್ಲಿ ಇತ್ತೆಂದು ಭಾವನವರು ಈಗಲೂ ವಾದಿಸುತ್ತಾರೆ.